ಟ್ಯಾಂಕಿನ ಮೇಲೆ ಜಾವಾ, ಬುಕ್ಕಿನಲ್ಲಿ 1977

"ಜಾವಾ 250, 1969 ಮಾಡೆಲ್. ಪಕ್ಕಾ ಒರಿಜಿನಲ್. ಈಗಷ್ಟೇ ಫುಲ್ ಪೇಂಟ್ ಆಗಿದೆ. ಒಂದು ರೂಪಾಯಿ ಕೆಲಸ ಇಲ್ಲ. 2,40,000. ಟೈಂಪಾಸ್ ಮಾಡೋರು ಫೋನ್ ಮಾಡಬೇಡಿ."

ಆನ್‌ಲೈನಿನಲ್ಲಿ ಈ ಹಳೇ ಬೈಕಿನ ಜಾಹೀರಾತು ನೋಡಿ ತುಮಕೂರಿನಿಂದ ಚಿಂತಾಮಣಿಗೆ ಹೋಗಿ ಬಂದೆ. ಪಕ್ಕಾ ಒರಿಜಿನಲ್ ಅಂದಮೇಲೆ ಫುಲ್ ಪೇಂಟ್ ಯಾಕೆ ಬೇಕಿತ್ತು ಅಂತ ಮನೆಯಲ್ಲೇ ಕೂತು ಕೇಳಬಹುದಿತ್ತು. ಕೇಳಲಿಲ್ಲ. ಆ ಮರೂನ್ ಬಣ್ಣ, ಟ್ಯಾಂಕಿನ ಪಕ್ಕದ ಕ್ರೋಮು ನೋಡಿ ಬುದ್ಧಿ ಸ್ವಲ್ಪ ಮಂಕಾಗಿತ್ತು.

ನನ್ನದು ಅಂತರಸನಹಳ್ಳಿಯಲ್ಲಿ ಒಂದು ಲೇತ್. ಬೋರ್‌ವೆಲ್ ಪಂಪಿನ ಶಾಫ್ಟು, ಟ್ರ್ಯಾಕ್ಟರಿನ ಬುಷ್ಷು, ಆಗಾಗ ಯಾರಾದರೂ ತರುವ ಹಳೇ ಗಾಡಿ ಸಿಲಿಂಡರು. 26 ವರ್ಷದಿಂದ ಕಬ್ಬಿಣ ಉಜ್ಜಿಕೊಂಡೇ ಬಂದವನು. ಗಾಡಿ ಓಡಿಸುವುದರಲ್ಲಿ ನಾನು ಅಷ್ಟೇನೂ ಶೂರ ಅಲ್ಲ. ಲೋಹದ ಮೇಲೆ ಯಾರು ಏನು ಮಾಡಿದ್ದಾರೆ ಅನ್ನುವುದು ಮಾತ್ರ ಕಣ್ಣಿಗೆ ಬೀಳುತ್ತದೆ.

ದಾಬಸ್‌ಪೇಟೆ, ದೊಡ್ಡಬಳ್ಳಾಪುರ, ದೇವನಹಳ್ಳಿ, ಶಿಡ್ಲಘಟ್ಟ ದಾಟಿ ಹೋಗುವಾಗ ಕಾರಿನಲ್ಲಿ ಫೋಟೋಗಳನ್ನು ಮತ್ತೆ ನೋಡಿದೆ. ಹನ್ನೊಂದು ಫೋಟೋ. ಹನ್ನೊಂದೂ ಬಲಗಡೆಯಿಂದ ತೆಗೆದವು. ಜಾವಾದ ಕಥೆಯೆಲ್ಲ ಇರುವುದು ಎಡಗಡೆ ಅಲ್ವಾ? ಗೇರ್ ಲಿವರ್ ಅಲ್ಲೇ, ಕ್ಲಚ್ ಕವರ್ ಅಲ್ಲೇ. ಅದೇ ಗೇರ್ ಲಿವರನ್ನು ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಕಿಕ್ಕರ್ ಆಗುತ್ತದೆ. ಒಂದೇ ಕಡ್ಡಿಗೆ ಎರಡು ಕೆಲಸ. ಅದನ್ನು ತೋರಿಸದೆ ಜಾವಾ ಫೋಟೋ ಹಾಕುವುದು ಅಂದರೆ ಹೆಣ್ಣು ತೋರಿಸಲು ಕರೆದು ಬೆನ್ನು ತೋರಿಸಿದ ಹಾಗೆ.

ಮಾರುವವರು ಒಳ್ಳೆಯ ಮಾತುಗಾರರು. ತೆಲುಗು ಬೆರೆತ ಕನ್ನಡ, ಕೂತ ತಕ್ಷಣ ಕಾಫಿ. ಹಳೇ ಗಾಡಿಗಳನ್ನು ತಂದು, ರೆಡಿ ಮಾಡಿ, ಆನ್‌ಲೈನಿನಲ್ಲಿ ಮಾರುವುದೇ ಅವರ ಕಸುಬು. ಹೆಸರು ಬರೆಯುವುದಿಲ್ಲ, ಯಾಕೆಂದರೆ ಇದನ್ನು ಅವರೊಬ್ಬರೇ ಮಾಡುತ್ತಿಲ್ಲ. ಗಾಡಿ ಹೊರಗೆ ನಿಂತಿತ್ತು. ನಾನು ಮೊದಲು ಮಾಡಿದ ಕೆಲಸ ಸಿಲಿಂಡರ್ ಮೇಲೆ ಕೈ ಇಟ್ಟಿದ್ದು. ಬೆಚ್ಚಗಿತ್ತು. ಅಂದರೆ ನಾನು ಬರುವ ಮೊದಲೇ ಸ್ಟಾರ್ಟ್ ಮಾಡಿ ಇಟ್ಟಿದ್ದಾರೆ. "ಹಾಗೇ ಒಂದು ರೌಂಡ್ ಹೋಗಿದ್ದೆ ಅಣ್ಣಾ" ಅಂದರು. ಎರಡು ಲಕ್ಷದ ಗಾಡಿ ನೋಡಲು ಜನ ಬರುತ್ತಿರುವಾಗ ಯಾರೂ ಹಾಗೇ ಒಂದು ರೌಂಡ್ ಹೋಗುವುದಿಲ್ಲ. ತಣ್ಣಗಿದ್ದಾಗ ಒಂದನೇ ಅಥವಾ ಎರಡನೇ ಕಿಕ್ಕಿಗೆ ಹತ್ತಿಕೊಂಡರೆ ಅರ್ಧ ಎಂಜಿನ್ ಪರೀಕ್ಷೆ ಅಲ್ಲೇ ಮುಗಿಯುತ್ತದೆ. ಆ ಅವಕಾಶ ಹೋಯಿತು.

ಸ್ಟಾರ್ಟ್ ಮಾಡಿಸಿದೆ. ಒಂದೇ ಸಿಲಿಂಡರಾದರೂ ಜಾವಾಗೆ ಹೊಗೆ ಹೋಗಲು ಎರಡು ದಾರಿ, ಎರಡು ಸೈಲೆನ್ಸರ್. ಎರಡರ ಹಿಂದೆಯೂ ಕೈ ಹಿಡಿದು ನೋಡಬೇಕು. ಎಡಗಡೆಯದರಲ್ಲಿ ಗಾಳಿ ಚೆನ್ನಾಗಿ ಬರುತ್ತಿತ್ತು, ಬಲಗಡೆಯದರಲ್ಲಿ ಮುದುಕನ ಉಸಿರು. ಕಾರ್ಬನ್ ಕಟ್ಟಿರಬೇಕು. ಅದು ದೊಡ್ಡ ವಿಷಯ ಅಲ್ಲ, ಬಿಚ್ಚಿ ಸುಟ್ಟರೆ ಸರಿಹೋಗುತ್ತದೆ. ಆದರೆ ಹೊಗೆ ಬಿಳಿಯಾಗಿ, ದಪ್ಪಗೆ, ಎಷ್ಟು ಹೊತ್ತಾದರೂ ನಿಲ್ಲದೆ ಬರುತ್ತಿತ್ತು. ಪೆಟ್ರೋಲಿಗೆ ಹಾಕುವ ಟೂ-ಟಿ ಆಯಿಲಿನ ವಾಸನೆ ಅಲ್ಲ ಅದು. ಕ್ರ್ಯಾಂಕಿನ ಸೀಲ್ ಹೋದರೆ ಎಂಜಿನ್ ಗೇರ್‌ಬಾಕ್ಸಿನ ಆಯಿಲನ್ನೇ ಎಳೆದು ಸುಡುತ್ತದೆ. ಸೀಲಿನ ಬೆಲೆ ಕಡಿಮೆ, ಆದರೆ ಅದನ್ನು ಹಾಕಲು ಎಂಜಿನ್ ಬಿಚ್ಚಬೇಕು. ಒಂದು ರೂಪಾಯಿ ಕೆಲಸ ಇಲ್ಲ ಅಂದಿದ್ದರಲ್ಲ!

ಓಡಿಸಿದಾಗ ಇನ್ನೊಂದು ಗೊತ್ತಾಯಿತು. ಜಾವಾದಲ್ಲಿ ಕೈಯಲ್ಲಿ ಕ್ಲಚ್ ಹಿಡಿಯದೆಯೂ ಗೇರ್ ಬದಲಿಸಬಹುದು. ಕಾಲಿನಿಂದ ಲಿವರ್ ಒತ್ತಿದರೆ ಒಳಗಿನ ಕ್ಯಾಮ್ ಕ್ಲಚ್ಚನ್ನು ತಾನೇ ಬಿಡಿಸುತ್ತದೆ. ಈ ಗಾಡಿಯಲ್ಲಿ ಹಾಗೆ ಮಾಡಿದ್ದಕ್ಕೆ ಕರ್ರ್ ಅಂತ ಒದರಿತು. "ಕ್ಲಚ್ ಹಿಡೀರಿ ಅಣ್ಣಾ, ಹಂಗೆಲ್ಲ ಹಾಕಬಾರದು" ಅಂತ ಅವರು ಹಿಂದಿನಿಂದ ಕೂಗಿದರು. ಜಾವಾ ಮಾರುವವರಿಗೆ ಜಾವಾ ಏನು ಮಾಡುತ್ತದೆ ಅನ್ನುವುದೇ ಗೊತ್ತಿರಲಿಲ್ಲ.

ಈಗ ತಗಡಿಗೆ ಬರೋಣ. ಹಳೇ ಸ್ಪೀಕರಿನಿಂದ ತೆಗೆದ ಒಂದು ಅಯಸ್ಕಾಂತ ನನ್ನ ಹತ್ತಿರ ಇದೆ. ಬಣ್ಣಕ್ಕೆ ಗೀರು ಬೀಳದ ಹಾಗೆ ತೆಳು ಬಟ್ಟೆ ಸುತ್ತಿಕೊಂಡು ಹೋಗುತ್ತೇನೆ. ಟ್ಯಾಂಕಿನ ಮೇಲೆ ಗಬಕ್ಕನೆ ಹಿಡಿಯಿತು. ಹಿಂದಿನ ಮಡ್‌ಗಾರ್ಡಿನ ಅರ್ಧಕ್ಕೆ ಬಂದಾಗ ಜಾರಿ ಬಿತ್ತು. ಎರಡು ಇಂಚು ಪಕ್ಕಕ್ಕೆ ಹಿಡಿಯಿತು, ಮತ್ತೆ ಜಾರಿತು. ಬಣ್ಣದ ಕೆಳಗೆ ಬರೀ ಲಪ್ಪ, ಅಂದರೆ ಪುಟ್ಟಿ. ಬೆರಳಿನಿಂದ ಬಡಿದರೆ ಟಣ್ ಅನ್ನಬೇಕಾದ್ದು ಡಬ್ ಅನ್ನುತ್ತಿತ್ತು. ಹೆಡ್‌ಲೈಟಿನಲ್ಲಿ ಎಲ್‌ಇಡಿ. 6 ವೋಲ್ಟ್ ಗಾಡಿಯನ್ನು 12 ಮಾಡಿದ್ದಾರೆ. ಅದಕ್ಕೆ ನನ್ನ ತಕರಾರಿಲ್ಲ, ರಾತ್ರಿ ಹೊತ್ತು 6 ವೋಲ್ಟಿನ ಬೆಳಕಿನಲ್ಲಿ ಹಳ್ಳ ಕಾಣುವುದಿಲ್ಲ. ಆದರೆ ಅದರ ಮುಂದೆ ಪಕ್ಕಾ ಒರಿಜಿನಲ್ ಅಂತ ಬರೆಯಬಾರದು ಅಷ್ಟೇ.

ಆಮೇಲೆ ಎಡಗಡೆಗೆ ಹೋಗಿ ಕೂತೆ.

ಕ್ಲಚ್ ಕವರ್ ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಮುಖ ಕಾಣುತ್ತಿತ್ತು. ಮೊಬೈಲ್ ಟಾರ್ಚನ್ನು ಪಕ್ಕದಿಂದ ಓರೆಯಾಗಿ ಬಿಟ್ಟೆ. ಗಾಡಿಯ ಹೆಸರಿನ ಅಕ್ಷರಗಳು ಇರಬೇಕಾದ ಜಾಗದಲ್ಲಿ ಸಣ್ಣ ತಗ್ಗು. ನುಣ್ಣಗೆ ಬಫ್ ಮಾಡಿ ಅಕ್ಷರ ಅಳಿಸಿದ್ದಾರೆ, ಆದರೆ ಉಜ್ಜುವ ಚಕ್ರ ಒಂದೇ ಕಡೆ ಜಾಸ್ತಿ ಹೊತ್ತು ನಿಂತಿದೆ. ಹೊಸಬನ ಕೈ. ಸ್ವಲ್ಪ ಮೇಲೆ ಎಂಜಿನ್ ನಂಬರ್. ಎರಕ ಹೊಯ್ದ ಅಲ್ಯೂಮಿನಿಯಮ್ಮಿಗೆ ಒಂದು ಚರ್ಮ ಇರುತ್ತದೆ, ಸಣ್ಣ ಸಣ್ಣ ಮೊಡವೆಯ ಹಾಗೆ ಒರಟು. ಅದನ್ನು ಒಮ್ಮೆ ಉಜ್ಜಿದರೆ ಮತ್ತೆ ಯಾರಿಂದಲೂ ತರಲಾಗುವುದಿಲ್ಲ. ಇಲ್ಲಿ ಸುತ್ತ ಎಲ್ಲಾ ಕಡೆ ಆ ಚರ್ಮ ಇತ್ತು, ನಂಬರಿನ ಕೆಳಗೆ ಮಾತ್ರ ಇರಲಿಲ್ಲ. ನಂಬರುಗಳೂ ಒಂದು ಸಾಲಿನಲ್ಲಿ ಇರಲಿಲ್ಲ. 7 ಸ್ವಲ್ಪ ಮೇಲೆ, 4 ಆಳವಾಗಿ, ಕೊನೆಯ 1 ಓರೆ. ಸುತ್ತಿಗೆ ಹಿಡಿದು ಒಂದೊಂದೇ ಪಂಚ್ ಹೊಡೆದರೆ ಹೀಗಾಗುತ್ತದೆ. ನನ್ನ ಅಂಗಡಿಯಲ್ಲೂ ಅಂಥ ಪಂಚ್ ಸೆಟ್ ಇದೆ, ಅದಕ್ಕೇ ಗೊತ್ತು.

ಆರ್‌ಸಿ ಕೇಳಿದೆ. ಮೊಬೈಲಿನಲ್ಲಿ ಫೋಟೋ ತೋರಿಸಿ, "ನೋಡಿ ಅಣ್ಣಾ, ಕಂಪನಿ ಹೆಸರಿನಲ್ಲೇ ಜಾವಾ ಅಂತ ಇದೆ" ಅಂತ ಬೆರಳಿಟ್ಟರು. ಇದ್ದದ್ದು ಐಡಿಯಲ್ ಜಾವಾ. ಅವರ ಬೆರಳು ಕೆಳಗಿನ ಸಾಲನ್ನು ಮುಚ್ಚಿತ್ತು. ಅಲ್ಲಿ ವರ್ಷ 1977.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ತುಂಬಾ ಜನ ಬೀಳುವುದೇ ಇಲ್ಲಿ. ಮೈಸೂರಿನ ಯಾದವಗಿರಿಯ ಕಾರ್ಖಾನೆಯ ಹೆಸರು ಐಡಿಯಲ್ ಜಾವಾ. 60ರ ದಶಕದ ಶುರುವಿನಲ್ಲಿ ಜೆಕ್ ಕಂಪನಿಯ ಲೈಸೆನ್ಸ್ ಪಡೆದು ಅಲ್ಲಿ ಜಾವಾ ಗಾಡಿ ಮಾಡಿದರು. 1973ರಿಂದ ಟ್ಯಾಂಕಿನ ಮೇಲಿನ ಹೆಸರು ಯೆಜ್ಡಿ ಆಯಿತು. ಆದರೆ ಕಂಪನಿಯ ಹೆಸರು 1996ರಲ್ಲಿ ಬಾಗಿಲು ಹಾಕುವವರೆಗೂ ಐಡಿಯಲ್ ಜಾವಾನೇ. ಹಾಗಾಗಿ ಯೆಜ್ಡಿ ಗಾಡಿಯ ಆರ್‌ಸಿಯಲ್ಲೂ ಜಾವಾ ಅನ್ನುವ ಪದ ಇದ್ದೇ ಇರುತ್ತದೆ. ಆ ಪದ ನೋಡಬೇಡಿ, ವರ್ಷ ನೋಡಿ. 250ರ ಯೆಜ್ಡಿ ಇದೇ ಜಾವಾದ ತಮ್ಮ, ಎಷ್ಟೋ ಭಾಗ ಒಂದಕ್ಕೊಂದು ಕೂರುತ್ತವೆ. ಮರೂನ್ ಬಣ್ಣ ಬಳಿದು ಸ್ಟಿಕ್ಕರ್ ಹಚ್ಚಿದರೆ ದೂರದಿಂದ ಗೊತ್ತಾಗುವುದಿಲ್ಲ.

ಎಂಟು ವರ್ಷ ಹಿಂದಕ್ಕೆ ಹಾಕುವ ಕಷ್ಟ ಯಾಕೆ ತಗೊಂಡರು? ಅದೂ ಮಾತಿನಲ್ಲೇ ಬಂತು. "50 ವರ್ಷ ದಾಟಿದೆ, ವಿಂಟೇಜ್ ನಂಬರ್ ಮಾಡಿಸಿ, ಡಬಲ್ ರೇಟಿಗೆ ಹೋಗುತ್ತೆ." 2021ರಲ್ಲಿ ಬಂದ ನಿಯಮ ಅದು. 50 ವರ್ಷ ದಾಟಿದ ಗಾಡಿಗೆ ವಿಎ ಸರಣಿಯ ನಂಬರ್ ಸಿಗುತ್ತದೆ, ಹೊಸ ನೋಂದಣಿಗೆ ಶುಲ್ಕ 20,000. 1977ರ ಗಾಡಿಗೆ 50 ತುಂಬುವುದು 2027ರಲ್ಲಿ. ಅವರು ಹೇಳದ ಇನ್ನೊಂದು ಭಾಗವೂ ಇದೆ. ಚಾಸಿ, ಬಾಡಿ, ಎಂಜಿನ್ ಬದಲಾಯಿಸಿರಬಾರದು, ಗಾಡಿ ಮೊದಲಿದ್ದ ರೂಪದಲ್ಲೇ ಇರಬೇಕು. ನಂಬರ್ ಸಿಕ್ಕ ಮೇಲೆ ದಿನಾ ಓಡಿಸುವ ಹಾಗಿಲ್ಲ. ಪ್ರದರ್ಶನ, ವಿಂಟೇಜ್ ರ‍್ಯಾಲಿ, ಪೆಟ್ರೋಲು, ರಿಪೇರಿ ಇಂಥದ್ದಕ್ಕೆ ಮಾತ್ರ ರಸ್ತೆಗೆ ತರಬಹುದು. ತರಕಾರಿ ತರಲು ಹೋಗುವಂತಿಲ್ಲ.

ನಾನು ಜಗಳ ಆಡಲಿಲ್ಲ. "1977 ಇದೆಯಲ್ಲ" ಅಂದೆ. "ಆರ್‌ಟಿಒದವರು ತಪ್ಪು ಬರೆದಿದ್ದಾರೆ" ಅಂದರು. ನಂಬರಿನ ಕೆಳಗೆ ಉಜ್ಜಿದ್ದೂ ಆರ್‌ಟಿಒದವರೇನಾ ಅಂತ ಬಾಯಿಗೆ ಬಂತು, ಕುಡಿದ ಕಾಫಿಗೆ ಮರ್ಯಾದೆ ಕೊಟ್ಟು ಸುಮ್ನೆ ಎದ್ದೆ. ಯೆಜ್ಡಿ ಕೆಟ್ಟ ಗಾಡಿ ಅಲ್ಲ. ಯೆಜ್ಡಿ ಅಂತಲೇ ಹೇಳಿ, ನಂಬರ್ ಮುಟ್ಟದೆ, 90,000 ಕೇಳಿದ್ದರೆ ನಾನು ಚೌಕಾಸಿಗೆ ಕೂರುತ್ತಿದ್ದೆ. ನಂಬರ್ ತಿದ್ದಿದ ಗಾಡಿ ಎಷ್ಟಕ್ಕೆ ಕೊಟ್ಟರೂ ಬೇಡ, ಅದು ನಾಳೆ ಪೊಲೀಸ್ ಸ್ಟೇಷನ್ ತೋರಿಸುತ್ತದೆ. ಐದರಲ್ಲಿ ಒಂದು ಸ್ಟಾರ್. ಬಣ್ಣ ಹೊಡೆದವನಿಗೆ ಬೇರೆಯಾಗಿ ನಾಲ್ಕು ಕೊಡಬಹುದು, ಟ್ಯಾಂಕಿನ ಮೇಲಿನ ಚಿನ್ನದ ಗೆರೆ ಕೈಯಲ್ಲಿ ಎಳೆದದ್ದು, ಎಲ್ಲೂ ನಡುಗಿಲ್ಲ.

ವಾಪಸ್ ಬರುವಾಗ ಬೇಜಾರಿನಲ್ಲಿ ಮತ್ತೆ ಮೊಬೈಲ್ ಕೆದಕಿದೆ. "ಹಳೇ ಜಾವಾ ಇದೆ. 60 ಸಾವಿರ." ಅಷ್ಟೇ. ಒಂದೇ ಫೋಟೋ, ಅದೂ ಕತ್ತಲೆ. ಕೊಟ್ಟಿಗೆಯ ಮೂಲೆ, ತುಕ್ಕು, ಸೀಟಿನ ಮೇಲೊಂದು ಮಂಕರಿ. ಆದರೆ ಎಡಗಡೆಯಿಂದ ತೆಗೆದದ್ದು. ಊರು ಸಿದ್ದರಬೆಟ್ಟದ ಕಡೆ, ನಮಗೆ ಹತ್ತಿರ. ಭಾನುವಾರ ಹೋದೆ.

ಗಾಡಿ ಅಲ್ಲಾಡುತ್ತಿರಲಿಲ್ಲ. ಟೈರಿನಲ್ಲಿ ಗಾಳಿ ಇಲ್ಲ, ಪಿಸ್ಟನ್ ಕಚ್ಚಿಕೊಂಡಿದೆ, ಕಿಕ್ಕರ್ ಮೇಲೆ ನಿಂತರೂ ಕದಲಲಿಲ್ಲ. ಆದರೆ ಅಯಸ್ಕಾಂತ ಎಲ್ಲಿಟ್ಟರೂ ಹಿಡಿಯಿತು. ಚೈನ್ ಮುಚ್ಚುವ ಡಬ್ಬಿ ಪೂರ್ತಿ ಇತ್ತು, ಮೇಲಿನ ಭಾಗ ಕೆಳಗಿನ ಭಾಗ ಎರಡೂ. ಟೂಲ್ ಬಾಕ್ಸಿನ ಮುಚ್ಚಳ ಇತ್ತು. ಸ್ಪೀಡೋಮೀಟರ್ ಕೂರುವ ಹೆಡ್‌ಲೈಟ್ ಬುಟ್ಟಿ ಇತ್ತು. ಟ್ಯಾಂಕಿನ ಮೊಣಕಾಲು ರಬ್ಬರ್ ಒಣಗಿ ಬಿರುಕು ಬಿಟ್ಟಿದೆ, ಆದರೆ ಹಳೆಯದೇ. ಹಳೇ ಮೈಸೂರು ರಾಜ್ಯದ ಎಂವೈ ನಂಬರ್ ಕೈಬರಹದಲ್ಲಿ ಅರ್ಧ ಕಾಣುತ್ತಿತ್ತು. ಹ್ಯಾಂಡಲ್ ಕೂರುವ ನೆಕ್ಕಿನ ಮೇಲಿನ ಜಿಡ್ಡನ್ನು ಸೀಮೆಎಣ್ಣೆ ಬಟ್ಟೆಯಲ್ಲಿ ಒರೆಸಿದೆ. ಫ್ರೇಮ್ ನಂಬರ್, ಎಂಜಿನ್ ನಂಬರ್ ಎರಡೂ ಹೊಲಿಗೆ ಬಿಟ್ಟ ಹಳೇ ಆರ್‌ಸಿ ಬುಕ್ಕಿಗೆ ತಾಳೆಯಾದವು. ನಂಬರಿನ ಕೆಳಗೆ ಚರ್ಮ ಹಾಗೇ ಇತ್ತು. ವರ್ಷ 1967.

ಕಚ್ಚಿದ ಎಂಜಿನ್ ನನಗೆ ಹೆದರಿಕೆಯ ವಿಷಯ ಅಲ್ಲ. ಡೀಸೆಲ್ ಸುರಿದು ನೆನೆಸಿದರೆ ಪಿಸ್ಟನ್ ಬಿಡುತ್ತದೆ, ಸಿಲಿಂಡರ್ ಬೋರ್ ನಾನೇ ಮಾಡಿಕೊಳ್ಳುತ್ತೇನೆ. ಇಲ್ಲದ ತಗಡನ್ನು ಎಲ್ಲಿಂದ ತರಲಿ? ಬೆಂಗಳೂರಿನ ಜೆಸಿ ರಸ್ತೆಯಲ್ಲಿ ಹೊಸ ತಗಡು ಸಿಗಬಹುದು, ಆದರೆ ದಪ್ಪ ಕಡಿಮೆ, ತೂತುಗಳು ಕೂರುವುದಿಲ್ಲ. ಅದಕ್ಕೇ ನಾನು ಬೆಲೆ ಕಟ್ಟುವುದು ತಗಡಿಗೆ ಮತ್ತು ಕಾಗದಕ್ಕೆ, ಎಂಜಿನ್ ಲೆಕ್ಕ ಆಮೇಲೆ.

ಕಾಗದದ ತೊಂದರೆ ಇದೆ. ಆರ್‌ಸಿ ಮಾರುವ ಅಜ್ಜಿಯ ತೀರಿಹೋದ ಯಜಮಾನರ ಹೆಸರಿನಲ್ಲಿದೆ. ಮೊದಲು ಫಾರಂ 31 ಹಾಕಿ ಅಜ್ಜಿಯ ಹೆಸರಿಗೆ ಮಾಡಿಸಬೇಕು, ಆಮೇಲೆ 29, 30 ಹಾಕಿ ನನ್ನ ಹೆಸರಿಗೆ. ರಿನ್ಯೂವಲ್ ಎಷ್ಟೋ ವರ್ಷದಿಂದ ಆಗಿಲ್ಲ. ಓಡಾಟಕ್ಕೆ ನಾನು ತಯಾರು ಅಂದೆ. 52,000ಕ್ಕೆ ಮಾತು ಮುಗಿಯಿತು. ಐದು ಸಾವಿರ ಅಡ್ವಾನ್ಸ್ ಕೊಟ್ಟು, ನಾಳೆಯೇ ಟೆಂಪೋ ತರುತ್ತೇನೆ ಅಂದೆ.

ಅಜ್ಜಿ ಆಗಲ್ಲ ಅಂದರು. ಫೋಟೋದಲ್ಲಿ ಕಂಡ ಮಂಕರಿಯನ್ನು ತೋರಿಸಿದರು. ಒಳಗೆ ಕೋಳಿ ಕಾವು ಕೂತಿತ್ತು, ಕೆಳಗೆ ಒಂಬತ್ತು ಮೊಟ್ಟೆ. ಜಾಗ ಬದಲಿಸಿದರೆ ಎದ್ದು ಹೋಗುತ್ತದಂತೆ. "ಮರಿ ಆದಮೇಲೆ ಬಾಪ್ಪ, ಇಷ್ಟು ವರ್ಷ ನಿಂತಿರೋ ಗಾಡಿ ಇಪ್ಪತ್ತೊಂದು ದಿನಕ್ಕೆ ಎಲ್ಲಿ ಓಡೋಗುತ್ತೆ?" ಅಂದರು. ಇವತ್ತಿಗೆ ಹದಿಮೂರನೇ ದಿನ. ನಿನ್ನೆ ಫೋನ್ ಮಾಡಿದ್ದೆ, ಕೋಳಿ ಇನ್ನೂ ಕೂತಿದೆ.