ಫ್ರೀಜರಿನ ಡಯಟ್ ಊಟ, ಮನೆಯ ಬುತ್ತಿ: ವರ್ಷ ದಾಟಿದ ಮೇಲಿನ ಅಭಿಪ್ರಾಯ

ಹೆಪ್ಪುಗಟ್ಟಿಸಿ ಡಬ್ಬಿಯಲ್ಲಿ ಮಾರುವ ಡಯಟ್ ಊಟವನ್ನು ಕೊಳ್ಳಬೇಕೇ ಬೇಡವೇ ಎಂದು ಯೋಚಿಸುತ್ತಿರುವವರಿಗೆ ಅಂಕವನ್ನು ಮೊದಲೇ ಹೇಳಿಬಿಡುತ್ತೇನೆ. ಐದಕ್ಕೆ ಎರಡೂವರೆ. ಅದರಲ್ಲಿ ಹೆಚ್ಚಿನ ಪಾಲು ಅಳತೆಗೆ, ಅಂದರೆ ಒಂದು ಹೊತ್ತಿಗೆ ಎಷ್ಟು ಉಣ್ಣಬೇಕೆಂಬ ಲೆಕ್ಕಕ್ಕೆ, ಕೊಟ್ಟದ್ದು, ಮತ್ತು ಅದನ್ನು ಮನಸಾರೆ ಕೊಟ್ಟಿದ್ದೇನೆ. ಫ್ರೀಜರಿನ ಡಯಟ್ ಊಟದಿಂದ ನನಗೆ ದಕ್ಕಿದ ನಿಜವಾದ ಪ್ರಯೋಜನ ಅಳತೆಯೊಂದೇ. ಆ ಅಳತೆ ಮನೆಯ ಬುತ್ತಿಗೆ ಬಂದ ಮೇಲೆ ಡಬ್ಬಿ ಕೊಳ್ಳುವುದು ತಾನಾಗಿಯೇ ಕಡಿಮೆಯಾಯಿತು.

ನನ್ನ ಮನೆ ಬದಿಯಡ್ಕದ ಹತ್ತಿರ, ಕೆಲಸ ಕಾಸರಗೋಡು ಪೇಟೆಯ ಲೆಕ್ಕಪರಿಶೋಧಕರ ಕಚೇರಿಯೊಂದರಲ್ಲಿ. ಎಡನೀರು ದಾಟಿ ಚೆರ್ಕಳಕ್ಕೆ ಬರುವವರೆಗೆ ಬಸ್ಸು ಸರಿಯಾಗಿಯೇ ಬರುತ್ತದೆ. ಅಲ್ಲಿಂದ ಮುಂದೆ, ರಾಷ್ಟ್ರೀಯ ಹೆದ್ದಾರಿ 66ರ ಕಾಮಗಾರಿ ನಡೆಯುತ್ತಿದ್ದ ಕಾಲದಲ್ಲಿ, ಎಷ್ಟು ಹೊತ್ತು ಕಾಯಬೇಕೆಂದು ಯಾರೂ ಹೇಳುವಂತಿರಲಿಲ್ಲ. ಹಾಗಾಗಿ ಮನೆಯಿಂದ ಬೇಗ ಹೊರಡುವುದು ರೂಢಿಯಾಯಿತು. ಪ್ರತಿ ತಿಂಗಳ 11 ಮತ್ತು 20ನೇ ತಾರೀಕು ಜಿಎಸ್‌ಟಿ ವಿವರ ಸಲ್ಲಿಸುವ ಗಡುವು. ಅದರ ಹಿಂದುಮುಂದಿನ ದಿನಗಳಲ್ಲಿ ಊಟಕ್ಕೆ ಏಳುವಾಗ ಮೂರು ಗಂಟೆ ದಾಟುವುದುಂಟು. ಮೊದಲು ಅಂತಹ ದಿನಗಳಲ್ಲಿ ಬಸ್ ನಿಲ್ದಾಣದ ಬಳಿಯ ಹೋಟೆಲಿನಲ್ಲಿ ಉಣ್ಣುತ್ತಿದ್ದೆ. ಕುಚ್ಚಲಕ್ಕಿ ಅನ್ನ, ಸಾಂಬಾರು, ಅವಿಯಲೋ ತೋರನೋ ಏನಾದರೊಂದು, ಹಪ್ಪಳ, ಉಪ್ಪಿನಕಾಯಿ. ಅನ್ನವನ್ನು ಕೇಳಿದಷ್ಟೂ ಬಡಿಸುತ್ತಾರೆ. ಮೂರು ಗಂಟೆಗೆ ಹಸಿದು ಬಂದವರು ಸಾಕು ಎನ್ನುವುದಿಲ್ಲ. ರಕ್ತದೊತ್ತಡ ಗಡಿ ದಾಟಿದೆ, ತೂಕ ಇಳಿಸಿ, ಉಪ್ಪು ಕಡಿಮೆ ಮಾಡಿ ಎಂದು ವೈದ್ಯರು ಹೇಳಿದ ಮೇಲೆ, ಮಂಗಳೂರಿನ ಸೂಪರ್‌ಮಾರ್ಕೆಟ್ ಒಂದರಲ್ಲಿ ಕಂಡ ಈ ಡಬ್ಬಿಗಳನ್ನು ತರಲು ಶುರುಮಾಡಿದೆ. ಕೆಲವು ತಿಂಗಳು ಕಳೆದು ಕಾಸರಗೋಡಿನಲ್ಲೇ ಸಿಗತೊಡಗಿದವು.

ಅಮೆರಿಕದಲ್ಲಿ ಇದು ಹಳೆಯ ಪದ್ಧತಿ. ಟ್ರೇಯಲ್ಲಿ ಪೂರ್ತಿ ಊಟ ಜೋಡಿಸಿ ಹೆಪ್ಪುಗಟ್ಟಿಸಿ ಮಾರುವುದು ಅಲ್ಲಿ 1950ರ ದಶಕದಲ್ಲೇ ಮನೆಮಾತಾಗಿತ್ತು. ಕ್ಯಾಲೊರಿ ಎಣಿಸಿದ ಊಟವೆಂದು ಲೀನ್ ಕ್ವಿಸೀನ್ ಎಂಬ ಬ್ರ್ಯಾಂಡ್ ಮಾರುಕಟ್ಟೆಗೆ ಬಂದದ್ದು 1981ರಲ್ಲಿ. ನಾನು ಬಳಸಿದ್ದು ನಮ್ಮ ದೇಶದ ತಯಾರಿಕೆ. ಒಂದು ಡಬ್ಬಿ 300 ಗ್ರಾಂ ಆಸುಪಾಸು, 300ರಿಂದ 350 ಕಿಲೋ ಕ್ಯಾಲೊರಿ, ಬೆಲೆ ಇನ್ನೂರೈವತ್ತು ರೂಪಾಯಿಯ ಮೇಲೆ. ಕಂದು ಅಕ್ಕಿಯೊಂದಿಗೆ ರಾಜ್ಮಾ, ಕಿನೋವಾದೊಂದಿಗೆ ಪನೀರ್, ಸಿರಿಧಾನ್ಯದ ಕಿಚಡಿ, ಹೀಗೆ. ಕರಾವಳಿಯ ನಾಲಿಗೆಗೆ ಹತ್ತಿರವಾದದ್ದು ಅವುಗಳಲ್ಲಿ ಒಂದೂ ಇರಲಿಲ್ಲ.

ಮೇಲಿನ ಪ್ಲಾಸ್ಟಿಕ್ ಹಾಳೆಗೆ ತೂತು ಮಾಡಿ ಮೈಕ್ರೋವೇವ್‌ನಲ್ಲಿ ಐದು ನಿಮಿಷ ಇಡಬೇಕೆಂದು ಹೇಳುತ್ತಾರೆ. ಹಾಗೆ ಮಾಡಿದರೆ ಅಂಚಿನ ಗ್ರೇವಿ ಕುದಿದು ಟ್ರೇಗೆ ಅಂಟಿ ಕಂದಿರುತ್ತದೆ, ನಡುವಿನ ರಾಜ್ಮಾ ಇನ್ನೂ ಹಲ್ಲು ಜುಮ್ಮೆನ್ನುವಷ್ಟು ತಣ್ಣಗಿರುತ್ತದೆ. ಹಾಳೆ ಎಬ್ಬಿಸಿದರೆ ಮೊದಲು ಕಸೂರಿ ಮೇಥಿಯ ಪರಿಮಳ, ಅದರ ಬೆನ್ನಿಗೇ ಬಿಸಿಯಾದ ಪ್ಲಾಸ್ಟಿಕ್ಕಿನ ವಾಸನೆ. ಮೂರು ನಿಮಿಷಕ್ಕೆ ಹೊರತೆಗೆದು ಕಲಸಿ, ಮತ್ತೆ ಎರಡು ನಿಮಿಷ ಇಟ್ಟು, ಒಂದು ನಿಮಿಷ ಮುಟ್ಟದೆ ಬಿಟ್ಟರೆ ಬಿಸಿ ಸಮನಾಗುತ್ತದೆ. ಪೊಟ್ಟಣದ ಮೇಲೆ ಇದನ್ನು ಸಣ್ಣ ಅಕ್ಷರಗಳಲ್ಲಿ ಅಚ್ಚುಹಾಕಿದ್ದಾರೆ. ಎದುರಿಗೆ ದೊಡ್ಡದಾಗಿ ಇರಬೇಕಾದ ಮಾತು ಅದು, ಏಕೆಂದರೆ ಅರೆಬಿಸಿಯಾದ ಊಟ ರುಚಿಗಷ್ಟೇ ಅಲ್ಲ, ಹೊಟ್ಟೆಗೂ ಒಳ್ಳೆಯದಲ್ಲ. ರಾಜ್ಮಾ, ಕಡಲೆ, ದಪ್ಪ ದಾಲ್ ಇವೆಲ್ಲ ಫ್ರೀಜರನ್ನು ಚೆನ್ನಾಗಿ ತಾಳಿಕೊಳ್ಳುತ್ತವೆ. ಬೀನ್ಸ್, ಕ್ಯಾರೆಟ್ ನೀರುಬಿಟ್ಟು ಮೆತ್ತಗಾಗಿರುತ್ತವೆ. ಪನೀರ್ ಬಾಯಲ್ಲಿ ಪುಡಿಪುಡಿಯಾಗುತ್ತದೆ. ಇನ್ನು ಕಚೇರಿಯಲ್ಲಿ ಇರುವುದು ಒಂದೇ ಮೈಕ್ರೋವೇವ್. ಬುತ್ತಿ ತಂದವರಿಗೆ ಒಂದೊಂದು ನಿಮಿಷ ಸಾಕು, ನನ್ನ ಡಬ್ಬಿಗೆ ಆರು ನಿಮಿಷ. ಹಸಿದು ನಿಂತ ಸಹೋದ್ಯೋಗಿಗಳ ಮುಂದೆ ಆರು ನಿಮಿಷ ದೀರ್ಘವಾಗುತ್ತದೆ. ಕೊನೆಯವಳಾಗಿ ಬಿಸಿಮಾಡಿಕೊಳ್ಳುವುದೆಂದು ತೀರ್ಮಾನಿಸಿದೆ. ಅಲ್ಲಿಗೆ ಉಳಿತಾಯವಾಗಬೇಕಿದ್ದ ಸಮಯವೆಲ್ಲ ಹೋಯಿತು.

ಅನುಕೂಲಕ್ಕೆ ಅಂಕ ಕಡಿಮೆಯಾದದ್ದು ಮುಖ್ಯವಾಗಿ ನಮ್ಮ ಊರಿನ ಹವೆ ಮತ್ತು ಕರೆಂಟಿನಿಂದ. ಇಂತಹ ಆಹಾರ ಕಾರ್ಖಾನೆ ಬಿಟ್ಟಲ್ಲಿಂದ ಮೈನಸ್ 18 ಡಿಗ್ರಿ ಸೆಲ್ಸಿಯಸ್‌ನಲ್ಲೇ ಇರಬೇಕು. ಮಂಗಳೂರಿನಿಂದ ರೈಲಿನಲ್ಲಿ ಕಾಸರಗೋಡು, ಅಲ್ಲಿಂದ ಬಸ್ಸಿನಲ್ಲಿ ಬದಿಯಡ್ಕ; ಮಂಜುಗಡ್ಡೆ ಇಟ್ಟ ಚೀಲವಿದ್ದರೂ ಏಪ್ರಿಲ್ ತಿಂಗಳಲ್ಲಿ ಡಬ್ಬಿಯ ಮೂಲೆಗಳು ಒತ್ತಿದರೆ ತಗ್ಗುತ್ತಿದ್ದವು. ಮಳೆಗಾಲದಲ್ಲಿ ಇನ್ನೊಂದು ಕಷ್ಟ. ತೋಟಗಳ ನಡುವೆ ಹಾದುಬರುವ ತಂತಿಯ ಮೇಲೆ ಒಂದು ಕೊಂಬೆ ಬಿದ್ದರೂ ರಾತ್ರಿಯಿಡೀ ಕತ್ತಲೆ. ತುಂಬಿಸಿಟ್ಟ ದೊಡ್ಡ ಫ್ರೀಜರ್, ಬಾಗಿಲು ತೆರೆಯದಿದ್ದರೆ, ಎರಡು ದಿನದವರೆಗೆ ತಡೆಯುತ್ತದೆ. ಸಿಂಗಲ್ ಡೋರ್ ಫ್ರಿಜ್ಜಿನ ಮೇಲಿನ ಗೂಡಿಗೆ ಆ ಶಕ್ತಿಯಿಲ್ಲ. ಕರೆಂಟ್ ಇದ್ದಾಗಲೂ ಅದು ಮೈನಸ್ 18ನ್ನು ಮುಟ್ಟುವುದು ಅಪರೂಪ.

ಕರಗಿ ಮತ್ತೆ ಗಟ್ಟಿಯಾದ ಊಟ ಏಕೆ ಕೆಡುತ್ತದೆ ಎಂಬುದಕ್ಕೆ ಸ್ಪಷ್ಟವಾದ ಕಾರಣವಿದೆ. ಬೇಗನೆ ಹೆಪ್ಪುಗಟ್ಟಿಸಿದರೆ ನೀರು ಸಣ್ಣ ಹರಳುಗಳಾಗುತ್ತದೆ, ತರಕಾರಿಯ ಕೋಶಗಳು ಹೆಚ್ಚು ಹರಿಯುವುದಿಲ್ಲ. ಅಮೆರಿಕದ ಕ್ಲಾರೆನ್ಸ್ ಬರ್ಡ್ಸ್‌ಐ 1920ರ ದಶಕದಲ್ಲಿ ಈ ತತ್ತ್ವದ ಮೇಲೆಯೇ ತನ್ನ ಯಂತ್ರಗಳನ್ನು ಕಟ್ಟಿದ. ನಿಧಾನವಾಗಿ ಗಟ್ಟಿಯಾದರೆ ಹರಳು ದೊಡ್ಡದಾಗಿ ಬೆಳೆದು ಒಳಗಿನಿಂದ ಎಲ್ಲವನ್ನೂ ಹರಿದುಹಾಕುತ್ತದೆ. ಪೇಟೆಯ ಒಂದು ಅಂಗಡಿಯಿಂದ ತಂದ ಡಬ್ಬಿಗಳಲ್ಲಿ ಹಾಳೆಯ ಒಳಮೈಗೆ ಹಿಮ ದಪ್ಪಗೆ ಕಟ್ಟಿರುತ್ತಿತ್ತು, ಅನ್ನವೆಲ್ಲ ಒಂದೇ ಮುದ್ದೆ. ಕೇಳಿದಾಗ, ರಾತ್ರಿ ಅಂಗಡಿ ಮುಚ್ಚುವಾಗ ಫ್ರೀಜರಿನ ಸ್ವಿಚ್ ಆರಿಸುತ್ತೇವೆ ಎಂದು ಅಂಗಡಿಯವರೇ ಹೇಳಿದರು. ದುಡ್ಡು ಕೊಟ್ಟು ಕೊಳ್ಳುವ ಜನರ ಆರೋಗ್ಯದೊಂದಿಗೆ ಹೀಗೆ ನಡೆದುಕೊಳ್ಳುವುದು ಅನ್ಯಾಯ. ಅಲ್ಲಿ ಮತ್ತೆ ಕೊಳ್ಳಲಿಲ್ಲ.

ಉಪ್ಪಿನ ವಿಷಯಕ್ಕೆ ಬರುತ್ತೇನೆ, ನಾನು ಡಯಟ್ ಶುರುಮಾಡಿದ್ದೇ ಅದಕ್ಕಾಗಿ. ವಿಶ್ವ ಆರೋಗ್ಯ ಸಂಸ್ಥೆಯ ಸಲಹೆಯಂತೆ ವಯಸ್ಕರಿಗೆ ದಿನಕ್ಕೆ ಸೋಡಿಯಂ 2000 ಮಿಲಿಗ್ರಾಂಗಿಂತ ಕಡಿಮೆ ಇರಬೇಕು, ಅಂದರೆ ಉಪ್ಪು 5 ಗ್ರಾಂಗಿಂತ ಕಡಿಮೆ, ಒಂದು ಸಣ್ಣ ಚಮಚ. ನಾನು ತಂದ ಡಬ್ಬಿಗಳಲ್ಲಿ 600ರಿಂದ 800 ಮಿಲಿಗ್ರಾಂ ಇತ್ತು. ಕೊಳ್ಳುವವರು ಗಮನಿಸಬೇಕು: ಎದ್ದು ಕಾಣುವ ಅಂಕಣ 100 ಗ್ರಾಂ ಲೆಕ್ಕದ್ದು. ಅಲ್ಲಿ 240 ಎಂದಿದ್ದರೆ 300 ಗ್ರಾಂ ಡಬ್ಬಿಗೆ ಅದರ ಮೂರರಷ್ಟು. ಒಂದೇ ಹೊತ್ತಿನ ಊಟಕ್ಕೆ ಇದು ಕಡಿಮೆಯೇನಲ್ಲ.

ಆದರೆ ಮನೆಯ ಅಡುಗೆಯ ಲೆಕ್ಕವನ್ನೂ ಅಷ್ಟೇ ನಿಷ್ಠುರವಾಗಿ ಹಾಕಬೇಕಲ್ಲ. ನಮ್ಮ ಮನೆಯಲ್ಲಿ ನಾಲ್ಕು ಜನ, ತಿಂಗಳಿಗೆ ಒಂದು ಕಿಲೋ ಉಪ್ಪು ಮುಗಿಯುತ್ತಿತ್ತು. ಭಾಗಿಸಿದರೆ ಒಬ್ಬರಿಗೆ ದಿನಕ್ಕೆ ಎಂಟು ಗ್ರಾಂ ದಾಟುತ್ತದೆ. ಭರಣಿಯ ಮಿಡಿಮಾವು, ಉಪ್ಪುಸೊಳೆ ಇವುಗಳಿಗೆ ತರುವ ಕಲ್ಲುಪ್ಪು ಇದರಲ್ಲಿ ಸೇರಿಲ್ಲ. ಮನೆಯದು ಎಂದ ಮಾತ್ರಕ್ಕೆ ಉಪ್ಪು ಕಡಿಮೆ ಎಂದು ನಂಬುವವರು ಒಂದು ತಿಂಗಳು ಉಪ್ಪಿನ ಪ್ಯಾಕೆಟ್ಟಿನ ಮೇಲೆ ತಾರೀಕು ಬರೆದಿಟ್ಟು ನೋಡಲಿ. ಅಮೂಲ್ಯವಾದ ಮಾಹಿತಿ ಪುಕ್ಕಟೆಯಾಗಿ ಸಿಗುತ್ತದೆ.

ಅನ್ನದ ಕಥೆಯೂ ಹಾಗೆಯೇ. ಡಬ್ಬಿಯ ಊಟ ಮೊದಮೊದಲು ಸಾಲದು ಅನ್ನಿಸುತ್ತಿತ್ತು, ನಾಲ್ಕೂವರೆಗೆ ಹೊಟ್ಟೆ ಚುರುಗುಟ್ಟುತ್ತಿತ್ತು. ಕೆಲವು ವಾರಗಳಲ್ಲಿ ದೇಹ ಒಗ್ಗಿಕೊಂಡಿತು. ಆಗಲೇ ಅಡುಗೆಮನೆಯ ತಕ್ಕಡಿಯೊಂದನ್ನು ತಂದು ಹಳೆಯ ಬುತ್ತಿಯನ್ನು ಮೊದಲಿನಂತೆಯೇ ತುಂಬಿಸಿ ತೂಗಿದ್ದು. ಅನ್ನವೊಂದೇ 400 ಗ್ರಾಂ ತೂಗಿತು. ಬೆಂದ ಅನ್ನ 100 ಗ್ರಾಂಗೆ ಸುಮಾರು 130 ಕಿಲೋ ಕ್ಯಾಲೊರಿ, ಅಂದರೆ ಅನ್ನದಿಂದಲೇ 500 ದಾಟಿತು. ಅದರ ಮೇಲೆ ಕಾಯಿತುರಿ, 100 ಗ್ರಾಂಗೆ 350ರ ಆಸುಪಾಸು; ಒಂದು ದೊಡ್ಡ ಚಮಚ ತೆಂಗಿನೆಣ್ಣೆಗೆ 120. ತೆಂಗನ್ನು ದೂರುವ ಮನಸ್ಸು ನನಗಿಲ್ಲ. 1916ರಲ್ಲೇ ತೆಂಗಿನ ಸಂಶೋಧನೆ ಶುರುವಾದ ಊರು ನಮ್ಮದು. ಕಾಯಿ ಹಾಕದ ಪದಾರ್ಥವನ್ನು ದಿನವೂ ಉಣ್ಣುವುದು ನಮ್ಮಿಂದಾಗದ ಮಾತು. ಎಷ್ಟು ಎಂಬುದು ತಿಳಿದಿದ್ದರೆ ಸಾಕು.

ಈಗಿನ ಬುತ್ತಿ ಹೀಗಿದೆ. ಕುಚ್ಚಲಕ್ಕಿ ಅನ್ನ 180 ಗ್ರಾಂ. ಹುರುಳಿಯೋ ಹೆಸರೋ ಅಲಸಂಡೆ ಬೀಜವೋ ಕಾಳಿನದ್ದೊಂದು ಗಟ್ಟಿ ಪದಾರ್ಥ. ಬೇಯಿಸದ ಹುರುಳಿಯಲ್ಲಿ 100 ಗ್ರಾಂಗೆ 22 ಗ್ರಾಂ ಆಸುಪಾಸು ಪ್ರೋಟೀನ್ ಇದೆ, ಡಬ್ಬಿಯ ರಾಜ್ಮಾಕ್ಕೆ ಅದು ಸೋಲುವುದಿಲ್ಲ. ಪಲ್ಯ ಅನ್ನಕ್ಕಿಂತ ಹೆಚ್ಚು: ಹರಿವೆ, ಚೀನಿಕಾಯಿ, ಗುಜ್ಜೆ, ಬಾಳೆದಿಂಡು, ಹಿತ್ತಿಲಲ್ಲಿ ಅಂದು ಏನಿದೆಯೋ ಅದು. ಪುಟ್ಟ ಬಾಟಲಿಯಲ್ಲಿ ಮಜ್ಜಿಗೆ. ತೂಗುವುದನ್ನು ನೋಡಿ ಮೊದಲ ದಿನ ಅತ್ತೆ, “ಅನ್ನವನ್ನೂ ತೂಗಿ ಬಡಿಸುವ ಕಾಲ ಬಂತೇ ಮಗಳೇ?” ಎಂದು ನೊಂದುಕೊಂಡರು. ವೈದ್ಯರು ಹೇಳಿದ್ದನ್ನು ವಿವರಿಸಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಾಗಾದರೆ ಪಲ್ಯಕ್ಕಾದರೂ ತಕ್ಕಡಿ ಬೇಡ, ಇನ್ನೊಂದು ಸೌಟು ಹಾಕುತ್ತೇನೆ” ಎಂದರು. ಯಾವ ಡಯಟ್ ತಜ್ಞರೂ ಇದಕ್ಕಿಂತ ಒಳ್ಳೆಯ ಸಲಹೆ ಕೊಡಲಾರರು. ತೂಕ ನಿಧಾನವಾಗಿ ಇಳಿದಿದೆ, ರಕ್ತದೊತ್ತಡ ಹತೋಟಿಯಲ್ಲಿದೆ. ಮಾತ್ರೆ, ಸಂಜೆಯ ನಡಿಗೆ ಎರಡೂ ಇರುವುದರಿಂದ ಇದು ಬುತ್ತಿಯೊಂದರ ಫಲವೆನ್ನಲಾರೆ.

ಬುತ್ತಿಗೂ ಅದರದೇ ತೊಂದರೆಗಳಿವೆ. ಬೆಳಗ್ಗೆ ಏಳಕ್ಕೆ ಕಟ್ಟಿದ್ದು ಏಪ್ರಿಲ್, ಮೇ ತಿಂಗಳಲ್ಲಿ ಒಂದು ಗಂಟೆಗೆ ಹಳಸುವುದುಂಟು, ಅದರಲ್ಲೂ ಹಸಿ ಕಾಯಿ ಅರೆದು ಹಾಕಿದ್ದು. ಐದರಿಂದ ಅರವತ್ತು ಡಿಗ್ರಿಯ ನಡುವೆ ಬ್ಯಾಕ್ಟೀರಿಯಾ ವೇಗವಾಗಿ ಬೆಳೆಯುತ್ತದೆ, ನಮ್ಮ ಬೇಸಗೆಯ ಬಸ್ಸು ಅದಕ್ಕೆ ಹೇಳಿಮಾಡಿಸಿದ ಜಾಗ. ಆ ದಿನಗಳಲ್ಲಿ ತಂಬುಳಿ, ಪಚಡಿಯಂತಹ ಹಸಿ, ಮಜ್ಜಿಗೆಹುಳಿ ಬುತ್ತಿಗೆ ಬೇಡ. ಅರೆದ ಕಾಯಿ ಹಾಕಿದ ಮೇಲೆ ಪದಾರ್ಥ ಚೆನ್ನಾಗಿ ಕುದಿಯಬೇಕು. ಕಾಯಿಯನ್ನು ಹುರಿದು ಅರೆದರೆ, ಹುಳಿ ಸ್ವಲ್ಪ ಮುಂದಿದ್ದರೆ ಇನ್ನೂ ಒಳ್ಳೆಯದು. ಅನ್ನದ ಹಬೆ ಆರದೆ ಮುಚ್ಚಳ ಹಾಕಬಾರದು, ಒಳಗೆ ನೀರು ಇಳಿದರೆ ಬೇಗ ಕೆಡುತ್ತದೆ. ಕಚೇರಿ ತಲುಪಿದ ಕೂಡಲೇ ಫ್ರಿಜ್ಜಿನಲ್ಲಿಡಬೇಕು.

ಮನೆಯ ಬುತ್ತಿಗೆ ಸಾಮಾನಿನ ಖರ್ಚು ಅರುವತ್ತು ರೂಪಾಯಿ ದಾಟುವುದಿಲ್ಲ. ಈ ಅಂಕಿಯನ್ನು ಡಬ್ಬಿಯ ಬೆಲೆಯ ಪಕ್ಕದಲ್ಲಿಟ್ಟು ಮನೆಯದು ಅಗ್ಗ ಎನ್ನುವವರು ಬಹಳ ಜನ. ಬೆಳಗ್ಗೆ ಐದಕ್ಕೆ ಎದ್ದು ಕಾಯಿ ತುರಿಯುವ ಹೆಂಗಸರ ಹೊತ್ತಿಗೆ ಆ ಲೆಕ್ಕದಲ್ಲಿ ಬೆಲೆಯೇ ಇಲ್ಲ. ಬುತ್ತಿಯ ಹೊರೆ ಒಬ್ಬರ ಬೆನ್ನ ಮೇಲಿದ್ದರೆ ಅದು ಹೆಚ್ಚು ದಿನ ನಡೆಯದು. ನಮ್ಮಲ್ಲಿ ರಾತ್ರಿಯೇ ತರಕಾರಿ ಹೆಚ್ಚಿಡುವುದು ನನ್ನ ಗಂಡ, ಬುತ್ತಿ ಕಟ್ಟುವುದೂ ಅವರೇ. ಅಡುಗೆ ಅತ್ತೆಯದೂ ನನ್ನದೂ. ನಾಳೆ ಏನು ಎಂಬ ಯೋಚನೆಯೇ ಈ ಕೆಲಸದಲ್ಲಿ ಅತಿ ಭಾರವಾದದ್ದು, ಅದನ್ನು ಭಾನುವಾರ ಮೂವರೂ ಕೂತು ಮುಗಿಸುತ್ತೇವೆ.

ಫ್ರೀಜರನ್ನು ನಾನು ಬಿಟ್ಟಿಲ್ಲ. ಡಬಲ್ ಡೋರ್ ಫ್ರಿಜ್ಜು ಬಂದ ಮೇಲೆ ಅದರಲ್ಲಿ ನಮ್ಮದೇ ಸಾಮಾನು ಇದೆ: ಕಾಯಿತುರಿ, ಅರ್ಧ ಬೇಯಿಸಿದ ಗುಜ್ಜೆಯ ಹೋಳು, ಬೇಯಿಸಿದ ಕಡಲೆ, ಬೆಳ್ಳುಳ್ಳಿ ಒಗ್ಗರಣೆಯ ಹುರುಳಿ ಸಾರು ಒಂದೊಂದು ಹೊತ್ತಿಗಾಗುವಷ್ಟು ಸಣ್ಣ ಸಣ್ಣ ಡಬ್ಬಿಗಳಲ್ಲಿ. ಜಿಎಸ್‌ಟಿ ಗಡುವಿನ ದಿನಗಳಿಗೆ ಅವೇ ಆಧಾರ. ಸೌತೆಕಾಯಿ, ಮೊಸರು ಹಾಕಿದ ಪದಾರ್ಥ ಇಟ್ಟರೆ ನೀರೊಡೆಯುತ್ತವೆ, ಇಡಬೇಡಿ.

ಇಷ್ಟಾದರೂ ಡಬ್ಬಿ ಯಾರಿಗೂ ಬೇಡ ಎನ್ನುವುದಿಲ್ಲ. ವರ್ಗವಾಗಿ ಬಂದು ಕಾಸರಗೋಡಿನಲ್ಲಿ ಬಾಡಿಗೆ ಕೋಣೆ ಹಿಡಿದವರು, ಒಲೆಯೇ ಇಲ್ಲದವರು, ರಾತ್ರಿ ಪಾಳಿಯ ದಾದಿಯರು ಇವರಿಗೆ ವಾರಕ್ಕೆ ಒಂದೆರಡು ಸಲ ಇದು ಉಪಕಾರವೇ. ಕೊಳ್ಳುವಾಗ ಫ್ರೀಜರಿನ ತಳದ ಡಬ್ಬಿ ತೆಗೆದು ಕುಲುಕಿ ನೋಡಿ, ಅನ್ನ ಬಿಡಿಬಿಡಿಯಾಗಿ ಸದ್ದು ಮಾಡಬೇಕು. ಒಳಗೆ ದಪ್ಪ ಹಿಮವಿದ್ದರೆ ಬೇಡ. ಪನೀರಿನದ್ದು ಬಿಟ್ಟು ಕಾಳಿನದ್ದನ್ನು ಆರಿಸಿಕೊಳ್ಳಿ. ಸೋಡಿಯಂ ಅನ್ನು ಪೂರ್ತಿ ಡಬ್ಬಿಗೆ ಗುಣಿಸಿ, 600 ದಾಟಿದರೆ ಅಂದು ಉಪ್ಪಿನಕಾಯಿ, ಹಪ್ಪಳ ಮುಟ್ಟಬೇಡಿ. ತಯಾರಕರಲ್ಲಿ ನನ್ನದೊಂದು ಕೋರಿಕೆಯಿದೆ. ಕುಚ್ಚಲಕ್ಕಿ ಮತ್ತು ಹುರುಳಿಯ ಒಂದು ಊಟ ಮಾಡಿ, ಬಿಸಿಮಾಡುವ ಕ್ರಮವನ್ನು ಕನ್ನಡದಲ್ಲೂ ಮಲಯಾಳದಲ್ಲೂ ಬರೆಯಿರಿ. ಅದು ಬಂದ ದಿನ ಕೊಂಡು ತಿಂದು, ಈ ಅಂಕವನ್ನು ತಿದ್ದುತ್ತೇನೆ.