ಮಕ್ಕಳ ಎರಡಂತಸ್ತಿನ ಮಂಚ: ಅಂಗಡಿಯದೋ, ಆಚಾರ್ಯರದೋ?

ಮೈಸೂರಿನ ನಮ್ಮ ಮನೆಯ ಮಕ್ಕಳ ಕೋಣೆ ಹತ್ತು ಅಡಿ ಅಗಲ, ಹನ್ನೊಂದು ಅಡಿ ಉದ್ದದ್ದು. ಎರಡು ಮಂಚ, ಒಂದು ಬೀರು ಮತ್ತು ಓದುವ ಮೇಜು ಇಟ್ಟ ಮೇಲೆ ಮಕ್ಕಳು ನೆಲದ ಮೇಲೆ ಕಾಲು ಚಾಚಿ ಕೂರುವುದಕ್ಕೂ ಅಲ್ಲಿ ಜಾಗ ಉಳಿದಿರಲಿಲ್ಲ. ಒಂಬತ್ತು ವರ್ಷದ ಮಗಳಿಗೂ ಐದು ವರ್ಷದ ಮಗನಿಗೂ ರೈಲಿನ ಅಪ್ಪರ್ ಬರ್ತ್ ಎಂದರೆ ಪ್ರಾಣವಾದ್ದರಿಂದ, ಬಂಕ್ ಬೆಡ್ಡಿನ ಮಾತು ಬಂದ ದಿನವೇ ಅವರ ಮಟ್ಟಿಗೆ ವಿಷಯ ಇತ್ಯರ್ಥವಾಗಿಹೋಯಿತು. ಸಿದ್ಧ ಮಂಚವನ್ನು ಕೊಳ್ಳಬೇಕೋ, ಬಡಗಿಯಿಂದ ಮಾಡಿಸಬೇಕೋ ಎಂಬುದು ಮಾತ್ರ ನಮ್ಮ ಪಾಲಿಗೆ ಉಳಿಯಿತು. ಕೊನೆಗೆ ಮಾಡಿಸಿದೆವು, ಹದಿನಾಲ್ಕು ತಿಂಗಳಿಂದ ಬಳಸುತ್ತಿದ್ದೇವೆ. ಇದು ಆ ಮಂಚದ ವಿಮರ್ಶೆ. ನೋಡಿ ಬಿಟ್ಟುಬಂದ ಮಂಚಗಳದ್ದೂ ಹೌದು.

ಮೈಸೂರಿನ ನಾಲ್ಕೈದು ಪೀಠೋಪಕರಣದ ಅಂಗಡಿಗಳನ್ನೂ, ಬೆಂಗಳೂರಿಗೆ ಹೋದಾಗ ನಾಗಸಂದ್ರದಲ್ಲಿ 2022ರಲ್ಲಿ ತೆರೆದ ಐಕಿಯಾ ಮಳಿಗೆಯನ್ನೂ ಸುತ್ತಿ ನೋಡಿದೆವು. ಸಿದ್ಧ ಮಂಚದ ದೊಡ್ಡ ಗುಣವೆಂದರೆ ಅದು ಬಿಡಿಬಿಡಿಯಾಗಿ ಬರುತ್ತದೆ, ಮನೆ ಬದಲಿಸುವಾಗ ಬಿಡಿಬಿಡಿಯಾಗಿಯೇ ಹೋಗುತ್ತದೆ. ಎರಡು ವರ್ಷಕ್ಕೊಮ್ಮೆ ವರ್ಗಾವಣೆಯಾಗುವ ನೌಕರಿಯಲ್ಲಿರುವವರು, ಬಾಡಿಗೆ ಮನೆಯಲ್ಲಿರುವವರು ಇದೊಂದೇ ಕಾರಣಕ್ಕೆ ಅಂಗಡಿಯ ಮಂಚವನ್ನು ಕೊಳ್ಳುವುದಾದರೆ ನಾನು ತಪ್ಪು ಹೇಳುವುದಿಲ್ಲ. ಆದರೆ ಹಾಸಿಗೆಯ ಅಳತೆಯನ್ನು ಮೊದಲು ನೋಡಿಕೊಳ್ಳಬೇಕು. ಐಕಿಯಾದ ಒಬ್ಬರು ಮಲಗುವ ಮಂಚಗಳು ಸಾಮಾನ್ಯವಾಗಿ 200 × 90 ಸೆಂ.ಮೀ. ಹಾಸಿಗೆಗೆ ಹೊಂದುವಂತೆ ಮಾಡಿದವು; ನಮ್ಮಲ್ಲಿದ್ದ ಹಾಸಿಗೆಗಳು 72 × 36 ಅಂಗುಲದವು. ಅಗಲದಲ್ಲಿ ತುರುಕಿದರೂ ಉದ್ದದಲ್ಲಿ ಹೆಚ್ಚುಕಡಿಮೆ ಏಳು ಅಂಗುಲ ಖಾಲಿ ಉಳಿಯುತ್ತಿತ್ತು. ಮೇಲಿನ ಅಂತಸ್ತಿನಲ್ಲಿ ಅಷ್ಟು ಸಂದು ಬಿಟ್ಟು ಮಕ್ಕಳನ್ನು ಮಲಗಿಸುವ ಹಾಗಿಲ್ಲವಾದ್ದರಿಂದ ಮಂಚದ ಜೊತೆ ಎರಡು ಹಾಸಿಗೆಗಳ ಖರ್ಚನ್ನೂ ಸೇರಿಸಿ ಲೆಕ್ಕ ಹಾಕಬೇಕಾಯಿತು.

ಎಲ್ಲಕ್ಕಿಂತ ಹೆಚ್ಚು ತಲೆ ಕೆಡಿಸಿಕೊಂಡದ್ದು ಕಟಕಟೆಯ ಬಗ್ಗೆ. ಅಮೆರಿಕದ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗವು ಬಂಕ್ ಬೆಡ್ಡುಗಳಿಗೆಂದೇ 1999ರಲ್ಲಿ ನಿಯಮಗಳನ್ನು ಹೊರಡಿಸಿದೆ. ಮೇಲಿನ ಮಂಚಕ್ಕೆ ಎರಡೂ ಬದಿಯಲ್ಲಿ ಕಟಕಟೆ ಇರಬೇಕು, ಅದರ ತುದಿ ಹಾಸಿಗೆಯ ಮೇಲ್ಮೈಗಿಂತ ಕನಿಷ್ಠ 5 ಅಂಗುಲ ಎತ್ತರದಲ್ಲಿರಬೇಕು, ಮಗುವಿನ ಮೈ ತೂರಿ ತಲೆ ಸಿಕ್ಕಿಕೊಳ್ಳುವಂಥ ಮೂರೂವರೆ ಅಂಗುಲದ ಸಂದು ಎಲ್ಲಿಯೂ ಇರಬಾರದು, ಆರು ವರ್ಷ ತುಂಬದ ಮಕ್ಕಳನ್ನು ಮೇಲೆ ಮಲಗಿಸಬಾರದು ಎಂಬುವು ಅವುಗಳ ಸಾರ. ಇದನ್ನು ತಿಳಿದುಕೊಂಡ ಮೇಲೆ ಅಳತೆಪಟ್ಟಿಯಿಲ್ಲದೆ ಯಾವ ಅಂಗಡಿಗೂ ಹೋಗಲಿಲ್ಲ. ನೋಡುವುದಕ್ಕೆ ಬಹಳ ಭದ್ರವಾಗಿದ್ದ ಒಂದು ಮಂಚದ ಕಟಕಟೆ ಹಲಗೆಯಿಂದ ಒಂಬತ್ತು ಅಂಗುಲ ಎತ್ತರವಿತ್ತು. ಆರು ಅಂಗುಲದ ಸ್ಪ್ರಿಂಗ್ ಹಾಸಿಗೆ ಹಾಕಿದರೆ ಉಳಿಯುವುದು ಮೂರೇ ಅಂಗುಲ. ಮಾರಾಟಗಾರರು ಹಾಸಿಗೆಯಿಲ್ಲದ ಬರಿಯ ಮಂಚವನ್ನು ತೋರಿಸುತ್ತಾರೆ, ಕಟಕಟೆ ಎತ್ತರವಾಗಿಯೇ ಕಾಣುತ್ತದೆ. ನನ್ನ ನಾದಿನಿ ಆನ್‌ಲೈನಿನಲ್ಲಿ ತರಿಸಿಕೊಂಡ ಕಬ್ಬಿಣದ ಮಂಚದಲ್ಲಿ ಇದೇ ತೊಂದರೆಯಿತ್ತು; ಜೊತೆಗೆ, ಮೇಲಿನವನು ಮಗ್ಗುಲು ಬದಲಿಸಿದಾಗಲೆಲ್ಲ ಕೆಳಗಿನವನಿಗೆ ಎಚ್ಚರವಾಗುವಷ್ಟು ಕಿರುಗುಟ್ಟುತ್ತಿತ್ತು.

ಅಂಗಡಿಯವರಾಗಲಿ ಬಡಗಿಯಾಗಲಿ ಎತ್ತದ ಇನ್ನೊಂದು ಮಾತು ಫ್ಯಾನಿನದು. ನಮ್ಮ ಕೋಣೆಯಲ್ಲಿ ನೆಲದಿಂದ ಛಾವಣಿಗೆ 9 ಅಡಿ 10 ಅಂಗುಲ. ಫ್ಯಾನಿನ ರೆಕ್ಕೆ ತಿರುಗುವುದು ಅದಕ್ಕಿಂತ ಒಂದಡಿ ಕೆಳಗೆ. ಮೇಲಿನ ಹಾಸಿಗೆ 5 ಅಡಿ 2 ಅಂಗುಲದಲ್ಲಿ ಬರುವುದಾದರೆ, 4 ಅಡಿ 3 ಅಂಗುಲದ ಮಗಳು ಅದರ ಮೇಲೆ ಎದ್ದು ನಿಂತಾಗ ಅವಳ ತಲೆ ರೆಕ್ಕೆಗಿಂತ ಏಳು ಅಂಗುಲ ಮೇಲಿರುತ್ತದೆ. ಮಂಚವನ್ನು ಮೂಲೆಗೆ ಒತ್ತಿದರೆ ಸಾಕೆಂದುಕೊಂಡಿದ್ದೆವು. ಹತ್ತು ಅಡಿ ಅಗಲದ ಕೋಣೆಯ ನಡುವೆ 1200 ಮಿ.ಮೀ. ಫ್ಯಾನು ತೂಗುಹಾಕಿದ್ದರೆ ರೆಕ್ಕೆಯ ತುದಿ ಗೋಡೆಯಿಂದ ಮೂರಡಿಗೆ ಬರುತ್ತದೆ, ಮಂಚದ ಹೊರ ಅಂಚು ಮೂರೂಕಾಲು ಅಡಿಗೆ. ಈ ಲೆಕ್ಕವನ್ನು ಕಾಗದದ ಮೇಲೆ ಬರೆದು ನೋಡಿದ ದಿನವೇ ಛಾವಣಿಯ ಫ್ಯಾನನ್ನು ಬಿಚ್ಚಿಸಿ, ಮಂಚದ ಎದುರು ಗೋಡೆಗೆ ವಾಲ್ ಫ್ಯಾನ್ ಹಾಕಿಸಿದೆವು. ಕೊಳ್ಳಲಿ, ಮಾಡಿಸಲಿ, ಈ ಖರ್ಚು ಇದ್ದೇ ಇರುತ್ತದೆ.

ಮಾಡಿಸುವ ಕಡೆಗೆ ಮನಸ್ಸು ವಾಲಿದ್ದು ಹಾಸಿಗೆಗೂ ಕೋಣೆಗೂ ಕಟಕಟೆಗೂ ನಮ್ಮದೇ ಅಳತೆ ಸಿಗುತ್ತದೆಂಬ ಕಾರಣಕ್ಕೆ. ಹಿಂದೆ ನಮ್ಮ ಮನೆಯ ಬಾಗಿಲುಗಳನ್ನು ಮಾಡಿದ ಆಚಾರ್ಯರನ್ನೇ ಕರೆಸಿದೆವು. ಪ್ಲೈವುಡ್ ಬೇಡವೆಂದವರು ಅವರೇ. ಅವರ ಪ್ರಕಾರ ಮಕ್ಕಳು ಹತ್ತಿಳಿದು ಕುಣಿಯುವ ಮಂಚದಲ್ಲಿ ಪ್ಲೈವುಡ್ಡಿನ ಅಂಚಿಗೆ ಹೊಡೆದ ಸ್ಕ್ರೂ ಬಹಳ ದಿನ ಹಿಡಿದು ನಿಲ್ಲುವುದಿಲ್ಲ. ಸಾಮಿಲ್ಲಿನಲ್ಲಿ ಒಣಗಿದ ಹಲಸಿನ ಮರವನ್ನು ಆರಿಸಿ, ಬಿಳಿಯ ಭಾಗವನ್ನು ಬಿಡಿಸಿ ಚೇಗನ್ನು ಮಾತ್ರ ಕೊಯ್ಯಿಸಿದರು, ಏಕೆಂದರೆ ಹುಳು ಮೊದಲು ಹಿಡಿಯುವುದು ಬಿಳಿಯ ಭಾಗವನ್ನೇ. ವೀಣೆಗೆ ಬಳಸುವ ಮರವೂ ಇದೇ ಎಂದು ಹೇಳಿ ಮಗಳನ್ನು ಅವರು ಮೊದಲ ದಿನವೇ ಒಲಿಸಿಕೊಂಡರು. ಕೊಯ್ದಾಗ ಅರಿಶಿನದ ಹಾಗಿದ್ದ ಹಲಗೆ ಈಗ ಹಳೆಯ ಬೆಲ್ಲದ ಬಣ್ಣಕ್ಕೆ ತಿರುಗಿದೆ. ಬೀರುವಿನ ಮರೆಗಿರುವ ಒಂದು ಕಾಲು ಮಾತ್ರ ಇನ್ನೂ ಹಳದಿಯಾಗಿಯೇ ಉಳಿದಿದೆ.

ಅವರೊಂದಿಗೆ ಎರಡು ವಿಷಯದಲ್ಲಿ ವಾದ ಮಾಡಬೇಕಾಯಿತು. ಗೋಡೆಯ ಕಡೆಗೂ ಕಟಕಟೆ ಬೇಕೆಂದಾಗ, “ಗೋಡೆ ಇದೆಯಲ್ಲಮ್ಮ, ಆ ಕಡೆ ಯಾಕೆ ದುಡ್ಡು ದಂಡ?” ಎಂದರು. ನೆಲದಂಚಿನ ಸ್ಕರ್ಟಿಂಗ್ ಕಲ್ಲಿನಿಂದಾಗಿ ಮಂಚ ಗೋಡೆಗೆ ಪೂರ್ತಿ ಅಂಟಿ ನಿಲ್ಲುವುದಿಲ್ಲ, ಮಕ್ಕಳ ಕುಣಿತಕ್ಕೆ ದಿನದಿನಕ್ಕೂ ಸ್ವಲ್ಪ ಸ್ವಲ್ಪ ಸರಿಯುತ್ತದೆ, ನಿದ್ದೆಯಲ್ಲಿ ಮಗು ಜಾರುವುದಕ್ಕೆ ಅಷ್ಟು ಸಂದೇ ಸಾಕು ಎಂದು ವಿವರಿಸಿದ ಮೇಲೆ ಒಪ್ಪಿದರು. ಎರಡನೆಯದು ಕೂಡುಗಳ ವಿಷಯ. ಎಲ್ಲವನ್ನೂ ಫೆವಿಕಾಲ್ ಹಾಕಿ ಬಿಗಿದರೆ ಮೊಮ್ಮಕ್ಕಳ ಕಾಲಕ್ಕೂ ಅಲ್ಲಾಡುವುದಿಲ್ಲವೆಂಬುದು ಅವರ ವಾದ. ಕೋಣೆಯೊಳಗೇ ಅಂಟಿಸಿದ ಮಂಚ ಆ ಬಾಗಿಲಿನಿಂದ ಎಂದಿಗೂ ಹೊರಗೆ ಬರುವುದಿಲ್ಲವೆಂಬುದು ನನ್ನದು. ತಲೆಯ ಮತ್ತು ಕಾಲಿನ ಕಡೆಯ ಚೌಕಟ್ಟುಗಳನ್ನು ಅಂಟಿಸಿ, ಉದ್ದನೆಯ ಪಟ್ಟಿಗಳನ್ನು ಮಾತ್ರ 10 ಮಿ.ಮೀ. ದಪ್ಪದ ಹದಿನಾರು ಬೋಲ್ಟುಗಳಿಂದ ಕೂಡಿಸುವುದೆಂದು ರಾಜಿಯಾಯಿತು. ಅಂಗಡಿಯ ಮಂಚದ ಗುಣ ಹೀಗೆ ನಮ್ಮ ಮಂಚಕ್ಕೂ ಬಂದಿತು.

ಖರ್ಚಿನ ಲೆಕ್ಕ ಇಷ್ಟು: ಸುಮಾರು ಎಂಟು ಘನ ಅಡಿ ಮರ, ಕೊಯ್ತವೂ ಸೇರಿ 17,400 ರೂಪಾಯಿ, ಕೂಲಿ 16,000, ಬೋಲ್ಟು, ಪಾಲಿಶ್ ಇತ್ಯಾದಿಗೆ 4,200, ವಾಲ್ ಫ್ಯಾನಿಗೆ 2,600, ಒಟ್ಟು 40,200. ನಾವು ನೋಡಿದ್ದರಲ್ಲಿ ಮರದ ಪುಡಿಯನ್ನು ಒತ್ತಿ ಮಾಡಿದ ಹಲಗೆಯ ಮಂಚ, ಹಾಸಿಗೆ ಬಿಟ್ಟು, 38,000ಕ್ಕಿತ್ತು. ಗಟ್ಟಿ ಮರದ್ದು ಅರವತ್ತು ಸಾವಿರ ದಾಟುತ್ತಿತ್ತು. ಮಾಡಿಸಿದರೆ ಅಗ್ಗವೆಂಬ ನಂಬಿಕೆಯಿಂದ ಹೊರಡುವವರು ಇದನ್ನು ಗಮನಿಸಬೇಕು.

ಇನ್ನು ಕೊರತೆಗಳು. ಹತ್ತು ದಿನವೆಂದ ಕೆಲಸ ಐದು ವಾರ ಹಿಡಿಯಿತು. ನಡುವೆ ಎರಡು ಗೃಹಪ್ರವೇಶಗಳ ಬಾಗಿಲು ಕೆಲಸ ಬಂದದ್ದರಿಂದ ನಮ್ಮ ಮಂಚ ಅಷ್ಟು ದಿನ ಮೂರು ಕಾಲಿನಲ್ಲಿ ನಿಂತಿತ್ತು. ಪಾಲಿಶಿನ ವಾಸನೆ ಹೋಗುವವರೆಗೆ, ಮತ್ತೆ ಎರಡು ವಾರ, ಮಕ್ಕಳು ನಡುಮನೆಯಲ್ಲಿ ಮಲಗಿದರು. ಏಣಿಗೆ ಮೊದಲು ಹಾಕಿದ್ದು ಒಂದಂಗುಲದ ದುಂಡನೆಯ ಮೆಟ್ಟಿಲುಗಳನ್ನು. ಬರಿಗಾಲಿನಲ್ಲಿ ಹತ್ತುವಾಗ ಅಂಗಾಲಿನ ನಡುವೆ ಒತ್ತುತ್ತದೆಂದು ಮಗಳು ಅತ್ತದ್ದಕ್ಕೆ ಮೂರೂವರೆ ಅಂಗುಲ ಅಗಲದ ಚಪ್ಪಟೆ ಹಲಗೆಗಳನ್ನು ಹಾಕಿಸಿದೆವು. ಇದನ್ನು ಆಚಾರ್ಯರು ದುಡ್ಡು ಕೇಳದೆ ಮರುದಿನವೇ ಮಾಡಿಕೊಟ್ಟರು. ಸೊಳ್ಳೆ ಪರದೆಯ ಸಮಸ್ಯೆ ಮೇಲಿನ ಮಂಚಕ್ಕೆ ಇನ್ನೂ ಬಗೆಹರಿದಿಲ್ಲ. ಮೇಲಿನ ಹೊದಿಕೆ ಬದಲಿಸುವುದಂತೂ ಒಂದು ವ್ಯಾಯಾಮ: ಹತ್ತಿ ಕುಳಿತರೆ ನಾವು ಕುಳಿತ ಜಾಗದ ಹೊದಿಕೆ ಬರುವುದಿಲ್ಲ, ಕೆಳಗೆ ನಿಂತರೆ ಗೋಡೆಯ ಕಡೆಯ ಮೂಲೆ ಕೈಗೆಟಕುವುದಿಲ್ಲ.

ಮಂಚ ಮಾತ್ರ ಅಲ್ಲಾಡುವುದಿಲ್ಲ, ಸದ್ದು ಮಾಡುವುದಿಲ್ಲ. ಹಲಗೆಗಳ ನಡುವೆ ಬಿಟ್ಟ ಎರಡಂಗುಲದ ಸಂದಿನಿಂದ ಗಾಳಿಯಾಡಿ ಮಳೆಗಾಲದಲ್ಲಿಯೂ ಹಾಸಿಗೆಯ ಅಡಿ ಬೂಷ್ಟು ಹಿಡಿಯಲಿಲ್ಲ. ಬೇಸಿಗೆಯ ಒಣಹವೆಗೆ ಮರ ತುಸು ಕುಗ್ಗುವುದರಿಂದ ಬೋಲ್ಟುಗಳನ್ನು ಆಗಾಗ ನೋಡಬೇಕು. ಅದಕ್ಕೆಂದೇ ಒಂದು ಸ್ಪ್ಯಾನರನ್ನು ಬಾಗಿಲ ಹಿಂದಿನ ಮೊಳೆಗೆ ತೂಗುಹಾಕಿದ್ದೇವೆ. ಕಳೆದ ಏಪ್ರಿಲ್‌ನಲ್ಲಿ ಬಿಗಿ ಮಾಡಿದಾಗ ಹದಿನಾರರಲ್ಲಿ ಮೂರು ಅರ್ಧ ಸುತ್ತು ಸಡಿಲವಾಗಿದ್ದವು.