ಮೂಲ ಚಕಮಕಿ, ಕೇಪಿಗೆ ತಿರುಗಿಸಿದ್ದು, ಹುಟ್ಟಾ ಕೇಪು: ಯಾವ ಪಿಸ್ತೂಲು ಕೊಳ್ಳಬೇಕು?

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ನಡುವಿನದಕ್ಕೆ. ಅಮೆರಿಕದ ಸೇನೆಗೆಂದು ಚಕಮಕಿ ಪಿಸ್ತೂಲಾಗಿ, ಅಂದರೆ ಕಲ್ಲಿನ ಕಿಡಿಯಿಂದ ಹಾರುವಂತೆ ತಯಾರಾಗಿ, ಮುಂದೆ ಆ ಕಾಲದಲ್ಲೇ ಕೇಪಿಗೆ, ಅಂದರೆ ಬಡಿದರೆ ಸಿಡಿಯುವ ಪುಟ್ಟ ತಾಮ್ರದ ಟೊಪ್ಪಿಯಿಂದ ಹಾರುವಂತೆ ಮಾರ್ಪಾಡಾದ 1836ರ ಮಾದರಿ ಅದು. ಗನ್ ಶೋಗಳಲ್ಲಿ ಇದಕ್ಕೆ ಮೇಜಿನ ಹಿಂದಿನ ಸಾಲೇ ಗತಿ. ಮುಂದಿನ ಸಾಲು ಮೂಲ ಚಕಮಕಿಗೂ ಹಿತ್ತಾಳೆ ಮಿನುಗುವ 1842ರ ಮಾದರಿಗೂ ಮೀಸಲು. ಕೊಳ್ಳುವವರೂ ಅವನ್ನೇ ಎತ್ತಿ ನೋಡುತ್ತಾರೆ. ನಡುವಿನದರ ಬೆಲೆ ಕೈಗೆಟುಕುವಂತಿರುವುದು ಅದರಿಂದಲೇ.

ಈ ಮೂರನ್ನೇ ಹೋಲಿಸುವುದಕ್ಕೆ ಕಾರಣವಿದೆ. 1836ರ ಮಾದರಿಯನ್ನು ಮಾಡಿದವರು ಇಬ್ಬರು ಗುತ್ತಿಗೆದಾರರು, ಮ್ಯಾಸಚೂಸೆಟ್ಸ್‌ನ ಮಿಲ್ಬರಿಯ ಏಸಾ ವಾಟರ್ಸ್ ಮತ್ತು ಕನೆಟಿಕಟ್‌ನ ಮಿಡ್ಲ್‌ಟೌನಿನ ರಾಬರ್ಟ್ ಜಾನ್ಸನ್. ಇಬ್ಬರದೂ ಸೇರಿ ಸುಮಾರು 41,000. ಅಮೆರಿಕದ ಸೇನೆ ಕೊಂಡ ಕೊನೆಯ ಚಕಮಕಿ ಪಿಸ್ತೂಲು ಇದೇ. ಅದರ ನಂತರದ 1842ರ ಮಾದರಿ ಹುಟ್ಟಿನಿಂದಲೇ ಕೇಪಿನದು; ಮಿಡ್ಲ್‌ಟೌನಿನಲ್ಲೇ ಹೆನ್ರಿ ಆಸ್ಟನ್ ಸುಮಾರು 30,000, ಆಮೇಲೆ ಐರಾ ಜಾನ್ಸನ್ ಸುಮಾರು 10,000 ಮಾಡಿಕೊಟ್ಟರು. ಎರಡೂ ಮಾದರಿಗಳ ನಳಿಗೆ ಎಂಟೂವರೆ ಇಂಚು, ಬಾಯಿ 0.54 ಇಂಚು. ಮದ್ದು ಗುಂಡು ಒಳಗೆ ತಳ್ಳುವ ಗಜ ಕಳೆದುಹೋಗದಂತೆ ನಳಿಗೆಗೇ ಕೀಲಿನಿಂದ ಕಟ್ಟಿಹಾಕಿದ ಏರ್ಪಾಟೂ ಒಂದೇ. ಹೀಗಾಗಿ ಬೆಂಕಿ ಹೊತ್ತಿಸುವ ಬಗೆಯೊಂದನ್ನು ಬಿಟ್ಟರೆ ಅಳೆದು ನೋಡಲು ಹೆಚ್ಚೇನೂ ಉಳಿಯುವುದಿಲ್ಲ.

ಮಲೆನಾಡಿನಲ್ಲೋ ಕೊಡಗಿನಲ್ಲೋ ಕೇಪಿನ ಕೋವಿ ನೋಡಿದವರಿಗೆ 1842ರ ಕೆಲಸ ವಿವರಿಸಬೇಕಿಲ್ಲ. ನಿಪ್ಪಲ್ ಎಂಬ ತೂತಿನ ಮೊಳೆಯ ಮೇಲೆ ಕೇಪು ಕೂರುತ್ತದೆ, ಕುದುರೆ ಎನ್ನುವ ಸುತ್ತಿಗೆ ಬಡಿಯುತ್ತದೆ, ಕಿಡಿ ನೇರ ಮಸಿಗೆ, ಅಂದರೆ ಕೋವಿಮದ್ದಿಗೆ, ಹೋಗುತ್ತದೆ. ಚಕಮಕಿಯದು ಸುತ್ತು ದಾರಿ. ಕುದುರೆಯ ದವಡೆಯಲ್ಲಿ ಕಚ್ಚಿಸಿದ ಕಲ್ಲು ಫ್ರಿಜನ್ ಎಂಬ ಉಕ್ಕಿನ ಮುಚ್ಚಳಕ್ಕೆ ಉಜ್ಜಿ ಕಿಡಿ ಸುರಿಸುತ್ತದೆ. ಅದು ಹಿತ್ತಾಳೆಯ ಬಟ್ಟಲಿನಲ್ಲಿಟ್ಟ ಚಿಟಿಕೆ ಮಸಿಗೆ ಬೀಳುತ್ತದೆ. ಆ ಉರಿ ನಳಿಗೆಯ ಪಕ್ಕದ ಟಚ್‌ಹೋಲ್ ಎಂಬ ಕಿರುತೂತಿನ ಮೂಲಕ ಒಳಗೆ ನುಗ್ಗುತ್ತದೆ. ಮಳೆ ಬಂದರೆ ಇಡೀ ಸಂಸಾರ ಒದ್ದೆ. ಸ್ಕಾಟ್‌ಲೆಂಡಿನ ಪಾದ್ರಿ ಅಲೆಕ್ಸಾಂಡರ್ ಫಾರ್ಸಿತ್ 1807ರಲ್ಲಿ ಬಡಿತದಿಂದ ಸಿಡಿಯುವ ರಾಸಾಯನಿಕದಿಂದ ಕೋವಿ ಹೊತ್ತಿಸುವ ಬಗೆಗೆ ಪೇಟೆಂಟ್ ತೆಗೆದ; ಬಟ್ಟಲಿನ ಉರಿ ಕಂಡು ಬೇಟೆಯ ಹಕ್ಕಿಗಳು ಹಾರಿಹೋಗುತ್ತಿದ್ದದ್ದು ಅವನ ಕಾಟ. ಮುಂದೆ ತಾಮ್ರದ ಕೇಪು ಬಂತು. ಸೇನೆಗಳು ಹಳೆಯ ಚಕಮಕಿಗಳನ್ನು ಸಾವಿರಗಟ್ಟಲೆ ಕೇಪಿಗೆ ತಿರುಗಿಸಿದ್ದಕ್ಕೆ ಈ ಒದ್ದೆಯ ಕಾಟ ದೊಡ್ಡ ಕಾರಣ.

ತಕರಾರು ಹುಟ್ಟುವುದು ಅಲ್ಲಿಂದ. ಆಗ ಕೇಪಿಗೆ ತಿರುಗಿಸಿದ್ದನ್ನು ಈಚಿನವರು ಮತ್ತೆ ಚಕಮಕಿಗೆ ತಿರುಗಿಸುತ್ತಿದ್ದಾರೆ. ಮೂಲ ಚಕಮಕಿಗೆ ಬೆಲೆ ಹೆಚ್ಚು, ಮಾರ್ಪಾಡಾದದ್ದಕ್ಕೆ ಕಡಿಮೆ. ಹೊಸ ಕುದುರೆ, ಫ್ರಿಜನ್, ಸ್ಪ್ರಿಂಗ್, ಬಟ್ಟಲು ಎರಕದ ಬಿಡಿಭಾಗಗಳಾಗಿ ಅಂಚೆಯಲ್ಲೇ ಸಿಗುತ್ತವೆ. ಕೈ ಪಳಗಿದವನಿಗೆ ಇದು ದೊಡ್ಡ ಕೆಲಸವೇನಲ್ಲ. ಹೇಳಿ ಮಾರಿದರೆ ತಪ್ಪೂ ಇಲ್ಲ. ಆದರೆ ಮೊದಲ ಮಾಲೀಕ ಹೇಳಿ ಮಾರಿರುತ್ತಾನೆ, ಎರಡನೆಯವನು ಮರೆತಿರುತ್ತಾನೆ, ಮೂರನೆಯವನ ಚೀಟಿಯಲ್ಲಿ ‘ಮೂಲ ಸ್ಥಿತಿ’ ಎಂದೇ ಬರೆದಿರುತ್ತದೆ. ಹೀಗೆ ಹಿಂದಿರುಗಿಸಿದ್ದಕ್ಕೆ ನನ್ನ ಲೆಕ್ಕದಲ್ಲಿ ಮಾರ್ಪಾಡಾದ ಪಿಸ್ತೂಲಿನ ಬೆಲೆಗಿಂತ ಒಂದು ಡಾಲರೂ ಹೆಚ್ಚು ಕೊಡಬಾರದು, ಸಾಧ್ಯವಾದರೆ ಕಡಿಮೆಯೇ ಕೊಡಬೇಕು. ಏಕೆಂದರೆ ಹತ್ತೊಂಬತ್ತನೇ ಶತಮಾನದ ಕೆಲಸವನ್ನು ಅಳಿಸಿ ಅದರ ಜಾಗದಲ್ಲಿ ಇಪ್ಪತ್ತು ಇಪ್ಪತ್ತೊಂದನೆಯದನ್ನು ಕೂರಿಸಲಾಗಿದೆ.

ಇದನ್ನು ಹಿಡಿಯಬೇಕಾದರೆ ಲಾಕ್, ಅಂದರೆ ಕುದುರೆ, ಸ್ಪ್ರಿಂಗ್‌ಗಳನ್ನೆಲ್ಲ ಹೊತ್ತ ಪಕ್ಕದ ಪ್ಲೇಟನ್ನು, ಬಿಚ್ಚಲೇಬೇಕು. ಅದಕ್ಕೂ ಮುಂಚೆ ನಳಿಗೆ ಖಾಲಿಯಿದೆಯೇ ನೋಡಿ. ಒಂದು ಮರದ ಕಡ್ಡಿಯನ್ನು ಬಾಯಿಯಿಂದ ಒಳಗೆ ಬಿಟ್ಟು, ತಡೆದ ಕಡೆ ಬಾಯಿಯ ಅಂಚಿಗೆ ಪೆನ್ಸಿಲ್ ಗುರುತು ಹಾಕಿ. ಹೊರತೆಗೆದು ಗುರುತನ್ನು ಬಾಯಿಗೇ ಹೊಂದಿಸಿ ನಳಿಗೆಯ ಹೊರಮೈ ಮೇಲೆ ಇಟ್ಟರೆ ಕಡ್ಡಿಯ ತುದಿ ಟಚ್‌ಹೋಲಿನವರೆಗೆ ಬರಬೇಕು. ಒಂದಿಂಚು, ಒಂದೂವರೆ ಇಂಚು ಹಿಂದೆಯೇ ನಿಂತರೆ ಒಳಗೆ ಏನೋ ಇದೆ. ಹೂಳೂ ಇರಬಹುದು, ಗುಂಡೂ ಇರಬಹುದು. ಒಣಗಿದ್ದರೆ ಕರಿ ಮಸಿ ನೂರೈವತ್ತು ವರ್ಷದ ಮೇಲೂ ಹೊತ್ತಿಕೊಳ್ಳುತ್ತದೆ. ಡ್ರಿಲ್, ಸ್ಕ್ರೂಡ್ರೈವರ್ ಏನನ್ನೂ ತಾಗಿಸದೆ ಕಸುಬು ಗೊತ್ತಿರುವ ಗನ್‌ಸ್ಮಿತ್ ಕೈಗೆ ಕೊಡಿ.

ಖಾಲಿಯಿದ್ದರೆ ಕುದುರೆಯನ್ನು ಅರ್ಧಕ್ಕೆ ಎಳೆದು ನಿಲ್ಲಿಸಿ. ಎಡಪಕ್ಕದ ಸ್ಕ್ರೂಗಳ ಸೀಳಿಗೆ ಸರಿಯಾಗಿ ಕೂರುವ ಸ್ಕ್ರೂಡ್ರೈವರನ್ನೇ ಬಳಸಿ. ಸಡಿಲ ತುದಿ ಒಮ್ಮೆ ಜಾರಿದರೆ ಸೀಳು ಹಾಳಾಗುತ್ತದೆ, ಮುಂದೆ ಮಾರುವಾಗ ಮೊದಲು ಕಣ್ಣಿಗೆ ಬೀಳುವುದೂ ಅದೇ. ಸ್ಕ್ರೂಗಳನ್ನು ಪೂರ್ತಿ ತೆಗೆಯದೆ ನಾಲ್ಕೈದು ಸುತ್ತು ಸಡಿಲಿಸಿ, ತಲೆಯ ಮೇಲೆ ಮರದ ಹಿಡಿಯಿಂದ ಒಂದಾದ ಮೇಲೆ ಒಂದರಂತೆ ಮೆಲ್ಲಗೆ ತಟ್ಟಿ. ಲಾಕ್ ತಾನಾಗಿ ಮೇಲೇಳುತ್ತದೆ. ಅಂಚಿಗೆ ಚಾಕು ಹಾಕಿ ಮೀಟಿದರೆ ಮರ ಚಕ್ಕೆ ಏಳುತ್ತದೆ.

ಈಗ ಪ್ಲೇಟಿನ ಒಳಮೈ ನೋಡಿ. ಕೇಪಿಗೆ ತಿರುಗಿಸುವಾಗ ಬಟ್ಟಲು, ಫ್ರಿಜನ್, ಅದರ ಸ್ಪ್ರಿಂಗ್ ತೆಗೆದು, ಅವುಗಳ ಸ್ಕ್ರೂ ತೂತುಗಳಿಗೆ ಕಬ್ಬಿಣದ ಬೆಣೆ ತಿರುಗಿಸಿ, ಅರದಿಂದ ಉಜ್ಜಿ ಸಮ ಮಾಡುತ್ತಿದ್ದರು. ಮತ್ತೆ ಚಕಮಕಿ ಮಾಡುವವನು ಆ ಬೆಣೆಗಳನ್ನೇ ಕೊರೆಯಬೇಕು. ಕೊರೆದ ತೂತು ಹಳೆಯದರ ನಟ್ಟನಡುವೆ ಬೀಳುವುದು ಅಪರೂಪ. ಹೊಸ ಸ್ಕ್ರೂವಿನ ಸುತ್ತ ಬೇರೆ ಬಣ್ಣದ ಉಂಗುರವೋ ಅರ್ಧಚಂದ್ರವೋ ಕಂಡರೆ ಅಲ್ಲಿಗೇ ತೀರ್ಮಾನ. ಟಾರ್ಚನ್ನು ನೇರ ಹಿಡಿದರೆ ಏನೂ ಕಾಣದು, ಪಕ್ಕದಿಂದ ಓರೆಯಾಗಿ ಹಿಡಿಯಬೇಕು.

ನಳಿಗೆಯ ಪಕ್ಕವನ್ನೂ ಹಾಗೆಯೇ ನೋಡಿ. ಕೇಪಿಗೆ ತಿರುಗಿಸುವ ದಾರಿಗಳಲ್ಲಿ ಹೆಚ್ಚು ಸಿಗುವವು ಎರಡು. ಒಂದು, ಟಚ್‌ಹೋಲನ್ನು ದೊಡ್ಡದು ಮಾಡಿ ಮರೆ (ಸ್ಕ್ರೂ ತಿರುಗುವ ಸುತ್ತುಗೆರೆ) ಕೊರೆದು, ನಿಪ್ಪಲ್ ಹೊತ್ತ ಉರುಳೆಯೊಂದನ್ನು ತಿರುಪುವುದು. ಇದಕ್ಕೆ ಡ್ರಮ್ ಎನ್ನುತ್ತಾರೆ. ಇನ್ನೊಂದು, ಟಚ್‌ಹೋಲನ್ನು ಮುಚ್ಚಿ ನಳಿಗೆಯ ಬುಡದ ಮೇಲುಗಡೆ ನಿಪ್ಪಲನ್ನೇ ನೇರ ಕೂರಿಸುವುದು. ಸೇನೆಯ ಕಾರ್ಖಾನೆಗಳ ಒಲವು ಇದರತ್ತ. ಮೊದಲಿನದನ್ನು ಹಿಂದಿರುಗಿಸಿದರೆ ಟಚ್‌ಹೋಲ್ ಸುತ್ತ ತೂತು ತುಂಬಲು ಹಾಕಿದ ಬುಷ್‌ನದೋ ವೆಲ್ಡಿಂಗಿನದೋ ವೃತ್ತ ಉಳಿಯುತ್ತದೆ. ಎರಡನೆಯದಾದರೆ ಬುಡದ ಮೇಲುಭಾಗದಲ್ಲಿ ಮುಚ್ಚಿದ ಗುರುತು. ಹೊರಗೆ ಎಷ್ಟೇ ನಾಜೂಕಾಗಿ ಮುಚ್ಚಿ ಬಣ್ಣ ಹಿಡಿಸಿದ್ದರೂ ಒಳಗೆ ಮರೆಯ ತುದಿ ಕಾಣಿಸಿಕೊಳ್ಳುವುದುಂಟು. ನಳಿಗೆಯೊಳಗೆ ಇಣುಕಲು ಫೋನಿಗೆ ಸಿಕ್ಕಿಸುವ ಅಗ್ಗದ ಪುಟ್ಟ ಕ್ಯಾಮೆರಾ, ಬೋರ್‌ಸ್ಕೋಪ್, ಈ ಹವ್ಯಾಸದಲ್ಲಿ ಮೊದಲ ದಿನವೇ ದುಡ್ಡು ಹಾಕಬೇಕಾದ ವಸ್ತು.

ತುಕ್ಕಿನ ಗುಳಿಗಳೂ ಸಾಕ್ಷಿ ಹೇಳುತ್ತವೆ. ನಿಜವಾದ ಚಕಮಕಿಯಲ್ಲಿ ಬಟ್ಟಲಿನ ಉರಿ ಬಡಿದು ಟಚ್‌ಹೋಲ್ ಸುತ್ತಲಿನ ಲೋಹ ಹುಳುಕಾಗಿರುತ್ತದೆ, ದೂರ ಹೋದಂತೆ ನಯವಾಗುತ್ತದೆ. ಅಲ್ಲಿ ಮಾತ್ರ ನುಣ್ಣಗಿದ್ದು ಸುತ್ತೆಲ್ಲ ಗುಳಿಯಿದ್ದರೆ ಯಾರೋ ಉಜ್ಜಿದ್ದಾರೆ. ಹಳೆಯ ಕೇಪಿನ ಮದ್ದಿನಲ್ಲಿದ್ದ ಪೊಟ್ಯಾಸಿಯಂ ಕ್ಲೋರೇಟ್ ಸುಟ್ಟಾಗ ಉಪ್ಪು ಉಳಿಯುತ್ತದೆ, ಅದು ತೇವ ಹೀರಿ ಲೋಹವನ್ನು ತಿನ್ನುತ್ತದೆ. ‘ಎಂದೂ ಕೇಪು ಕಾಣದ’ ಚಕಮಕಿಯ ಬುಡದಲ್ಲಿ ಅಗಲಕ್ಕೆ ಹರಡಿದ ಆಳದ ಗುಳಿಗಳಿದ್ದರೆ ಮಾರುವವನ ಮಾತನ್ನು ಪಕ್ಕಕ್ಕಿಡಿ.

ಕೊನೆಗೆ ಕುದುರೆ. ಅದರ ಚೌಕ ತೂತು ಲಾಕಿನೊಳಗೆ ಅದರೊಂದಿಗೇ ತಿರುಗುವ ಟಂಬ್ಲರಿನ ಚೌಕಕ್ಕೆ ಬಿಗಿಯಾಗಿ ಕೂರಬೇಕು, ಅಲ್ಲಾಡಬಾರದು. ಎರಕದ ಹೊಸ ಕುದುರೆಯ ಒಳಬದಿಯಲ್ಲಿ ಸಣ್ಣ ಗುಳ್ಳೆ, ಅಚ್ಚಿನ ಗೆರೆ ಉಳಿದಿರುತ್ತವೆ. ಹೊರಬದಿಯನ್ನು ಉಜ್ಜುವವರು ಒಳಬದಿಯನ್ನು ಮರೆಯುತ್ತಾರೆ. ಕಲ್ಲು ಕಚ್ಚಿಸಿ ಹೆಬ್ಬೆರಳಲ್ಲಿ ಹಿಡಿದುಕೊಂಡೇ ನಿಧಾನ ಇಳಿಸಿ ನೋಡಿ: ಕಲ್ಲು ಫ್ರಿಜನ್‌ನ ಮೇಲುಭಾಗಕ್ಕೆ ತಾಗಿ, ಕೊನೆಗೆ ಬಟ್ಟಲಿನ ಕಡೆ ಮುಖ ಮಾಡಿ ನಿಲ್ಲಬೇಕು. ಬಟ್ಟಲಿನ ಆಚೆ ತೋರಿಸುತ್ತಿದ್ದರೆ ಆ ಕುದುರೆ ಆ ಪಿಸ್ತೂಲಿನದಲ್ಲ.

ಇಷ್ಟೆಲ್ಲ ಪರೀಕ್ಷೆ ಪಾಸಾದ 1836ರ ಮೂಲ ಚಕಮಕಿ ಸಿಕ್ಕರೆ ಖಂಡಿತ ಚೆಂದ, ಕೊಳ್ಳಬಲ್ಲವರು ಕೊಳ್ಳಲಿ. ನಾನು ಒಂದು ಪಿಸ್ತೂಲಿಗೆ ಎತ್ತಿಡುವುದು 1,000 ಡಾಲರು. ಸುಸ್ಥಿತಿಯ ಮೂಲ ಚಕಮಕಿ ಆ ಗೆರೆಯೊಳಗೆ ನಿಲ್ಲುವುದಿಲ್ಲ.

1842ರ ಬಗ್ಗೆ ದೂರು ಕಡಿಮೆ. ನಿಪ್ಪಲ್ ಕೂರುವ ಬೋಲ್‌ಸ್ಟರ್ ಎಂಬ ಉಬ್ಬು ಕಾರ್ಖಾನೆಯಲ್ಲೇ ನಳಿಗೆಯೊಂದಿಗೆ ರೂಪುಗೊಂಡದ್ದು, ಗಟ್ಟಿ. ಲಾಕಿನ ಮೇಲೂ ನಳಿಗೆಯ ಬುಡದಲ್ಲೂ ಇಸವಿ ಇರುತ್ತದೆ. ಎರಡಕ್ಕೂ ಹೆಚ್ಚು ಅಂತರವಿದ್ದರೆ ಎರಡು ಪಿಸ್ತೂಲು ಕೂಡಿಸಿ ಒಂದು ಮಾಡಿದ ಅನುಮಾನ ಸಹಜ. ಹಿತ್ತಾಳೆಯನ್ನು ಬ್ರಾಸೋ ಪಾಲಿಶ್ ಹಾಕಿ ತಿಕ್ಕಿದ್ದರೆ ಬೆಲೆ ಇಳಿಸಿ ಕೇಳಿ. ಲಾಕಿನ ಮೇಲೆ ತಾಳೆಮರದ ಮುದ್ರೆ ಕಂಡರೆ ಖುಷಿಪಡುವ ಮುಂಚೆ ನಿಲ್ಲಿ: ದಕ್ಷಿಣ ಕ್ಯಾರೊಲೈನಾದ ಕೊಲಂಬಿಯಾದಲ್ಲಿ ಪ್ಯಾಲ್ಮೆಟೊ ಆರ್ಮರಿ ಈ ಮಾದರಿಯಲ್ಲಿ ಮಾಡಿದ್ದು ಸುಮಾರು 1,000 ಮಾತ್ರ, ಆಸ್ಟನ್ ಪಿಸ್ತೂಲಿಗೆ ಮುದ್ರೆ ಒತ್ತಿ ಆ ಹೆಸರಲ್ಲಿ ಮಾರಿದವರಿದ್ದಾರೆ. ಒಟ್ಟಿನಲ್ಲಿ ಒಂದೇ ಒಂದು ಪಿಸ್ತೂಲು ಕೊಂಡು ಗೋಡೆಗೆ ಹಾಕಿ ಮರೆಯುವವರಿಗೆ 1842 ಸರಿ. ನನಗೆ ಅದು ಸ್ವಲ್ಪ ಸಪ್ಪೆ, ಒಂದನ್ನು ಬಿಚ್ಚಿದರೆ ಎಲ್ಲವನ್ನೂ ಬಿಚ್ಚಿದಂತೆ.

ಮಾರ್ಪಾಡಾದದ್ದು ಹಾಗಲ್ಲ. ಪ್ಲೇಟಿನ ಮೇಲೆ ವಾಟರ್ಸ್ ಹೆಸರು, 1837ರ ಇಸವಿ, ಪಕ್ಕದಲ್ಲೇ ಎಷ್ಟೋ ವರ್ಷ ಆಮೇಲಿನ ಕುದುರೆ. ಕೆಲವು ಸೇನಾ ಕಾರ್ಖಾನೆಯ ಅಚ್ಚುಕಟ್ಟು ಕೆಲಸ, ಕೆಲವು ಊರ ಕಮ್ಮಾರ ತನ್ನ ಬಳಿ ಇದ್ದ ಕುದುರೆಯನ್ನು ಬಗ್ಗಿಸಿ ನಿಪ್ಪಲ್‌ಗೆ ತಾಗಿಸಿದ್ದು. ಒಂದರಂತೆ ಇನ್ನೊಂದಿಲ್ಲ. ಮೋಸದ ಭಯವೂ ಕಡಿಮೆ, ಬೆಲೆ ಇಳಿಯುವಂತೆ ನಕಲು ಮಾಡುವ ಕಷ್ಟ ಯಾರಿಗೂ ಬೇಕಿಲ್ಲವಲ್ಲ. ಲಾಕ್ ಬಿಚ್ಚಿ ಕೂರುವುದೇ ನನ್ನ ಚಟ, ಗುಂಡು ಹಾರಿಸುವುದಿಲ್ಲ. ಅಂಥವರಿಗೆ ಇದಕ್ಕಿಂತ ಒಳ್ಳೆಯ ಸರಕಿಲ್ಲ.

ಇದರಲ್ಲೂ ನೋಡಿ ಕೊಳ್ಳಬೇಕಾದದ್ದಿದೆ. ಡ್ರಮ್ ಬಗೆಯದಾದರೆ ಡ್ರಮ್ಮಿನ ಕೆಳಗೆ ಪ್ಲೇಟಿನ ಆಸರೆ ಇದೆಯೇ ಗಮನಿಸಿ. ಒಳ್ಳೆಯ ಕಮ್ಮಾರ ಪ್ಲೇಟಿನಲ್ಲಿ ಅರ್ಧ ಬಳೆಯಂಥ ತಗ್ಗು ಮಾಡಿ ಡ್ರಮ್ಮನ್ನು ಅದರಲ್ಲಿ ಕೂರಿಸಿರುತ್ತಾನೆ. ಆಸರೆಯಿಲ್ಲದಿದ್ದರೆ ಕುದುರೆಯ ಪ್ರತಿ ಏಟೂ ಮರೆಯ ಮೇಲೇ ಬಿದ್ದು ಡ್ರಮ್ ಬಾಗುತ್ತದೆ, ಬುಡದಲ್ಲಿ ಬಿರುಕು ಬಿಡುತ್ತದೆ. ತುಕ್ಕು ಹಿಡಿದ ನಿಪ್ಪಲನ್ನು ಬಲವಂತವಾಗಿ ತಿರುಗಿಸಬೇಡಿ. ತುಕ್ಕು ಬಿಡಿಸುವ ಎಣ್ಣೆ ಹನಿಸಿ ವಾರಗಟ್ಟಲೆ ಬಿಡಿ, ಆಗಲೂ ಬಾರದಿದ್ದರೆ ಹಾಗೇ ಇರಲಿ. ಮುರಿದ ನಿಪ್ಪಲಿಗಿಂತ ಕದಲದ ನಿಪ್ಪಲ್ ವಾಸಿ. ಖಾಲಿ ನಿಪ್ಪಲ್ ಮೇಲೆ ಕುದುರೆ ಬಡಿಯುವ ಆಟವೂ ಬೇಡ. ಕಂದು ಬಣ್ಣ ಹಳೆಯದಾಗಿದ್ದರೆ ಮುಟ್ಟಬೇಡಿ. ಕೆಂಪು ಪುಡಿ ತುಕ್ಕಿಗೆ ಮಾತ್ರ ಎಣ್ಣೆ ಹಾಕಿದ 0000 ನಂಬರಿನ ಅತಿ ನವಿರಾದ ಸ್ಟೀಲ್ ವೂಲ್, ಮೇಲೆ ತೆಳುವಾಗಿ ಲೋಹ ಕಾಯುವ ರೆನೇಸಾನ್ಸ್ ಮೇಣ.

ಕಾನೂನಿನ ಮಾತು ಒಂದೆರಡು ಸಾಲು. ಅಮೆರಿಕದಲ್ಲಿ 1968ರ ಗನ್ ಕಂಟ್ರೋಲ್ ಕಾಯ್ದೆಯ ಪ್ರಕಾರ 1898 ಅಥವಾ ಅದಕ್ಕೂ ಮುಂಚೆ ತಯಾರಾದದ್ದು ಪುರಾತನ ವಸ್ತು, ಆದರೆ ರಾಜ್ಯಗಳ ನಿಯಮ ಬೇರೆಬೇರೆ. ಊರಿಗೆ ಹೋಗುವಾಗ ಸೂಟ್‌ಕೇಸಿನಲ್ಲಿ ಹಾಕಿಕೊಳ್ಳುವ ಯೋಚನೆ ಬಿಡಿ, ಅಲ್ಲಿನ ಶಸ್ತ್ರಾಸ್ತ್ರ ಕಾಯ್ದೆಯ, ಕಸ್ಟಮ್ಸಿನ ಲೆಕ್ಕವೇ ಬೇರೆ.

ದೂರದಿಂದ ಕೊಳ್ಳುವುದಾದರೆ, ಮೂರರಲ್ಲಿ ಯಾವುದೇ ಆಗಲಿ, ಮಾರುವವರಿಂದ ಮೂರು ಫೋಟೋ ಕೇಳಿ: ಪ್ಲೇಟಿನ ಒಳಮೈ, ಲಾಕ್ ತೆಗೆದ ಮೇಲೆ ಕಾಣುವ ನಳಿಗೆಯ ಪಕ್ಕ, ಬುಡದ ಮೇಲುಭಾಗ. ‘ಬಿಚ್ಚಿದರೆ ಹಾಳಾಗುತ್ತದೆ’ ಎಂಬ ಉತ್ತರ ಬಂದರೆ ಮಾರ್ಪಾಡಾದದ್ದರ ಬೆಲೆ ಹೇಳಿ ಸುಮ್ಮನಾಗಿ. ಒಪ್ಪಿದರೂ ನಷ್ಟವಿಲ್ಲ, ಒಪ್ಪದಿದ್ದರೂ ಇಲ್ಲ.